ಗೇರುಬೀಜ ಒಡೆದರೆ ಗೋಡಂಬಿ: ಕೆಲವು ಪದಗಳು, ಕೆಲವು ಪ್ರಶ್ನೆಗಳು

ಪದಬಲ್ಲ ಗೆಳೆಯರೇ,

ಪುತ್ತೂರು ತಾಲ್ಲೂಕಿನ ನಮ್ಮ ಹಳ್ಳಿಯ ಸ್ವಸಹಾಯ ಸಂಘದ ಹೆಂಗಸರು ಗೇರುಬೀಜ ಒಡೆದು ಮಾರುವ ಒಂದು ಸಣ್ಣ ಘಟಕ ಆರಂಭಿಸಲು ಹೊರಟಿದ್ದಾರೆ. ಅವರಿಗಾಗಿ ಕನ್ನಡದಲ್ಲಿ ಕೈಪಿಡಿ ಬರೆಯುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಮುಖಪುಟದಲ್ಲೇ ತಕರಾರು ಎದ್ದಿತು. ಸಂಘದ ಕಾರ್ಯದರ್ಶಿ ಅಕ್ಕ ‘ಗೇರುಬೀಜ ಘಟಕ’ ಎಂದೇ ಇರಲಿ ಎನ್ನುತ್ತಾರೆ. ಬೆಂಗಳೂರಿನಲ್ಲಿ ಬೆಳೆದ ಅವರ ಸೊಸೆ ‘ಗೋಡಂಬಿ’ ಎಂದು ಬರೆಯದಿದ್ದರೆ ಘಟ್ಟದ ಮೇಲಿನ ಗಿರಾಕಿಗೆ ಏನೂ ತಿಳಿಯುವುದಿಲ್ಲ ಎನ್ನುತ್ತಾಳೆ. ಎರಡೂ ಒಂದೇ ಆದರೆ ಎರಡು ಹೆಸರು ಏಕೆ, ಯಾವುದು ಸರಿ ಎಂದು ನನ್ನನ್ನು ಕೇಳಿದರು. ಉತ್ತರ ಹುಡುಕುತ್ತಾ ಹೋದರೆ ಅದು ಬೇರೆಯೇ ಒಂದು ಮರದ ಬುಡಕ್ಕೆ ಹೋಗಿ ನಿಂತಿತು.

ಮೊದಲು ಬಳಕೆಯ ಮಾತು. ದಕ್ಷಿಣ ಕನ್ನಡ, ಉಡುಪಿಯ ಕಡೆ ಮರಕ್ಕೆ ಗೇರು, ಹಣ್ಣಿಗೆ ಗೇರುಹಣ್ಣು, ಬೀಜಕ್ಕೆ ಗೇರುಬೀಜ. ದಿನದ ಮಾತಿನಲ್ಲಿ ಅದೂ ಉದ್ದವಾಯಿತು. ಬರೀ ‘ಬೀಜ’ ಸಾಕು. ‘ಈ ಸಲ ಬೀಜಕ್ಕೆ ರೇಟು ಎಷ್ಟು?’ ಎಂದರೆ ಬಿತ್ತನೆಯ ಬೀಜವೋ ಕಡಲೆಬೀಜವೋ ಎಂದು ನಮ್ಮಲ್ಲಿ ಯಾರೂ ತಿರುಗಿ ಕೇಳುವುದಿಲ್ಲ. ‘ಬೀಜದ ಕಾರ್ಖಾನೆಗೆ ಹೋಗುತ್ತಾಳೆ’ ಎಂದರೂ ಅಷ್ಟೇ. ಇದೇ ಮಾತನ್ನು ತುಮಕೂರಿನಲ್ಲಿ ಆಡಿದರೆ ಕೇಳಿದವರು ಬಿತ್ತನೆ ಬೀಜದ ಕಂಪನಿ ಎಂದುಕೊಂಡಾರು. ಗೋಡಂಬಿ ಎಂಬ ಮಾತು ನಮ್ಮ ಕಡೆ ಅಂಗಡಿಯ ಪೊಟ್ಟಣದ ಮೇಲೆ, ಮದುವೆ ಅಡುಗೆಯ ಸಾಮಾನಿನ ಚೀಟಿಯಲ್ಲಿ, ದ್ರಾಕ್ಷಿಯ ಜೊತೆ ಜೋಡಿಯಾಗಿ ಬರುತ್ತದೆ. ‘ಗೋಡಂಬಿ ಮರ’ ಎಂದು ಕರಾವಳಿಯವರು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಪತ್ರಿಕೆಗಳಲ್ಲಿ ‘ಗೋಡಂಬಿ ತೋಟಕ್ಕೆ ಬೆಂಕಿ’ ಎಂಬ ತಲೆಬರಹ ಕಂಡಾಗ, ತೆಂಗಿನ ತೋಟಕ್ಕೆ ಕೊಬ್ಬರಿ ತೋಟ ಎಂದಂತೆ ನನಗೆ ಕೇಳಿಸುತ್ತದೆ. ಬಯಲುಸೀಮೆಯಲ್ಲಿ ಮರಕ್ಕೂ ಗೋಡಂಬಿ ಎನ್ನುವವರಿದ್ದಾರೆ, ಬಳಕೆಯನ್ನು ತಪ್ಪು ಎನ್ನಲು ನಾನು ಯಾರು. ಆದರೆ ಮರಕ್ಕೆ ಗೇರು, ಚಿಪ್ಪು ಒಡೆದು ತೆಗೆದ ತಿರುಳಿಗೆ ಗೋಡಂಬಿ ಎಂಬ ವಿಭಾಗ ಚೊಕ್ಕವಾಗಿದೆ. ಆ ಚೊಕ್ಕತನಕ್ಕೆ ಒಂದು ಹಳೆಯ ಕಾರಣವೂ ಇದೆ.

ಗೇರು ಬ್ರೆಜಿಲ್ಲಿನ ಈಶಾನ್ಯ ಭಾಗದ ಮರ. ಪೋರ್ಚುಗೀಸರು ಅದನ್ನು 16ನೆಯ ಶತಮಾನದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ತಂದರು. ಬ್ರೆಜಿಲ್ಲಿನ ತುಪಿ ಭಾಷೆಯ ‘ಅಕಾಜು’ ಪೋರ್ಚುಗೀಸಿನಲ್ಲಿ ‘ಕಾಜು’ ಆಗಿ ಕೊಂಕಣಿ, ಮರಾಠಿ, ಹಿಂದಿಗೆ ಇಳಿಯಿತು. ಕನ್ನಡ ಮಾತ್ರ ಆ ಹೆಸರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹಾಗಾದರೆ ‘ಗೇರು’ ಎಲ್ಲಿಂದ ಬಂತು? ಅದು ಮೊದಲೇ ಇತ್ತು. ಕೇರು, ಗೇರು ಎಂದರೆ ನಮ್ಮ ಕಾಡಿನ ಕರಿಗೇರು. ಸಂಸ್ಕೃತದಲ್ಲಿ ಭಲ್ಲಾತಕ, ಆಯುರ್ವೇದದವರಿಗೆ ಚೆನ್ನಾಗಿ ಗೊತ್ತಿರುವ ಮರ. ಅಗಸರು ಬಟ್ಟೆಗೆ ಅಳಿಸದ ಗುರುತು ಹಾಕುತ್ತಿದ್ದದ್ದು ಇದರ ಕಾಯಿಯ ರಸಕ್ಕೆ ಸುಣ್ಣ ಸೇರಿಸಿ. ಪದ ಅಚ್ಚ ದ್ರಾವಿಡ. ಕನ್ನಡದ ಕಿವಿ ಮಲಯಾಳದಲ್ಲಿ ಚೆವಿ ಆದ ಹಾಗೆ, ಕೆನ್ನೆ ತಮಿಳಿನಲ್ಲಿ ಚೆನ್ನಿ ಆದ ಹಾಗೆ, ನಮ್ಮ ಕೇರು ಅಲ್ಲಿ ಚೇರು. ಮಲೆನಾಡಿನ ಹೊಳಗೇರು ಕೂಡ ಇದೇ ಬಳಗದ್ದು. ಅದರ ಸೊನೆ ಮೈಗೆ ತಾಗಿ ಮುಖ ಊದಿಸಿಕೊಂಡವರನ್ನು ಕೇಳಿದರೆ ‘ಗೇರು’ ಎಂಬ ಮಾತಿಗೆ ಇರುವ ಅಂಜಿಕೆ ತಿಳಿಯುತ್ತದೆ.

‘ಗೇರು ಎಂದರೆ ಮೊದಲಿನಿಂದಲೂ ಗೋಡಂಬಿಯೇ’ ಎಂದು ವಾದಿಸುವವರಿಗೆ ಒಂದು ಊರಿನ ಹೆಸರು ಸಾಕು: ಗೇರುಸೊಪ್ಪೆ. ಶರಾವತಿಯ ದಡದ ಈ ಊರು ಪೋರ್ಚುಗೀಸರು ಕರಾವಳಿಗೆ ಬರುವ ಮೊದಲೇ ಮೆರೆದ ರಾಜಧಾನಿ. ಮುಂದೆ ಅವರೇ ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿ ಆಳಿದ್ದೂ ಇಲ್ಲಿಂದಲೇ. ಗೋಡಂಬಿ ಮರದ ಸೊಪ್ಪಿನಿಂದ ಈ ಹೆಸರು ಬಂತು ಎಂಬ ವಿವರಣೆಯನ್ನು ಪ್ರವಾಸದ ಪುಸ್ತಕಗಳಲ್ಲಿ ಓದಿರುತ್ತೀರಿ. ಬ್ರೆಜಿಲ್ಲಿನ ಮರ ಇನ್ನೂ ಹಡಗನ್ನೇ ಹತ್ತದಿದ್ದಾಗ ಅದರ ಸೊಪ್ಪು ಎಲ್ಲಿಂದ ಬರಬೇಕು? ಈ ಊರಿಗೆ ಸಂಸ್ಕೃತದಲ್ಲಿದ್ದ ಇನ್ನೊಂದು ಹೆಸರು ಭಲ್ಲಾತಕೀಪುರ. ಅಂದಿನ ಪಂಡಿತರಿಗೆ ಗೇರು ಯಾವ ಮರ ಎಂಬುದರಲ್ಲಿ ಅನುಮಾನವಿರಲಿಲ್ಲ. (ಕಾವಿಮಣ್ಣಿಗೆ ಹಿಂದಿಯಲ್ಲಿ ಹೇಳುವ ‘ಗೇರು’ ಸಂಸ್ಕೃತದ ಗೈರಿಕದಿಂದ ಬಂದದ್ದು, ಅದನ್ನು ಇಲ್ಲಿಗೆ ಎಳೆದು ತರಬೇಡಿ.)

ಹೊಸ ಮರಕ್ಕೆ ಹಳೆಯ ಹೆಸರು ಕಟ್ಟಿದವರು ಕಣ್ಣುಮುಚ್ಚಿ ಕಟ್ಟಲಿಲ್ಲ. ಕರಿಗೇರಿನ ಕಾಯಿಯನ್ನು ಕೈಯಲ್ಲಿ ಹಿಡಿದು ನೋಡಿ: ಕಿತ್ತಳೆ ಬಣ್ಣದ ಮೆತ್ತನೆಯ ತೊಟ್ಟು, ಅದರ ತುದಿಗೆ ಕಪ್ಪು ಹೊಳಪಿನ ಕಾಯಿ. ತೊಟ್ಟು ತಿನ್ನಬಹುದು, ಕಾಯಿಯ ಸಿಪ್ಪೆ ಮೈ ಸುಡುತ್ತದೆ, ಒಳಗಿನ ತಿರುಳು ಮತ್ತೆ ತಿನ್ನಬಹುದು. ಗೇರುಹಣ್ಣಿನ ರಚನೆಯೂ ಅದೇ, ಅಳತೆ ಮಾತ್ರ ದೊಡ್ಡದು. ಬೀಜ ಹೊರಗಿರುವ ಹಣ್ಣು ಯಾವುದು ಎಂದು ಮಕ್ಕಳು ಒಗಟು ಕೇಳುತ್ತಾರಲ್ಲ, ಸಸ್ಯಶಾಸ್ತ್ರದ ಪ್ರಕಾರ ನಾವು ಬೀಜ ಎನ್ನುವುದೇ ನಿಜವಾದ ಹಣ್ಣು, ಹಣ್ಣು ಎನ್ನುವುದು ಉಬ್ಬಿದ ತೊಟ್ಟು. ಎರಡೂ ಮರಗಳನ್ನು ವಿಜ್ಞಾನಿಗಳು ಒಂದೇ ಕುಟುಂಬಕ್ಕೆ ಸೇರಿಸಿದ್ದಾರೆ. ನಮ್ಮ ಹಳ್ಳಿಯವರು ಅದನ್ನು ಮೊದಲೇ ಸೇರಿಸಿಯಾಗಿತ್ತು.

ಇನ್ನು ಗೋಡಂಬಿ. ಮರಾಠಿಯಲ್ಲಿ ಕರಿಗೇರಿನ ಕಾಯಿಗೆ ಬಿಬ್ಬಾ ಎನ್ನುತ್ತಾರೆ. ಅದನ್ನು ಒಡೆದು ತೆಗೆದ ತಿರುಳಿಗೆ ಗೋಡಂಬಿ. ವಿದರ್ಭದ ಕಡೆ ಬಾಣಂತಿಯರ ಅಂಟಿನ ಉಂಡೆಗೆ ಇವತ್ತಿಗೂ ಆ ಗೋಡಂಬಿಯನ್ನೇ ಹಾಕುತ್ತಾರೆ. ಅಲ್ಲಿ ಗೋಡಂಬಿ ಬೇರೆ, ಕಾಜು ಬೇರೆ. ಕನ್ನಡದಲ್ಲಿ ಮಾತ್ರ ಆ ಹೆಸರು ಕಾಜುವಿನ ಮೇಲೆ ಕೂತುಬಿಟ್ಟಿತು. ಹಾಗೆ ಕೂರುವಾಗಲೂ ‘ಒಳಗಿನ ತಿರುಳು’ ಎಂಬ ಹಳೆಯ ಅರ್ಥವನ್ನು ಬಿಟ್ಟುಕೊಡಲಿಲ್ಲ. ನಾನು ಮೇಲೆ ಚೊಕ್ಕ ಎಂದ ವಿಭಾಗದ ಬೇರು ಇದು. ಕೊಂಕಣಿಯವರ ಮನೆಗಳಲ್ಲಿ ಎಳೆಯ ಗೇರುಬೀಜಕ್ಕೆ ಬಿಬ್ಬೊ ಎನ್ನುತ್ತಾರೆ, ತೊಂಡೆಕಾಯಿಯ ಜೊತೆ ಸೇರಿಸಿದ ಅದರ ಉಪ್ಕರಿ, ಅಂದರೆ ಪಲ್ಯ, ತಿಂದವರಿಗೆ ಹೆಚ್ಚು ಹೇಳಬೇಕಿಲ್ಲ. ಅದೂ ಈ ಬಿಬ್ಬಾದ ನಂಟೇ. ತೆಲುಗಿನಲ್ಲಿ ಜೀಡಿ ಎಂದರೆ ಕರಿಗೇರು, ಕಾಜು ಮರ ಜೀಡಿಮಾಮಿಡಿ, ಅದರ ತಿರುಳು ಜೀಡಿಪಪ್ಪು. ಯುರೋಪಿನಲ್ಲೂ ಇದೇ ಕಥೆ ನಡೆದಿದೆ. ಹಳೆಯ ಔಷಧ ವ್ಯಾಪಾರಿಗಳಿಗೆ ‘ಅನಕಾರ್ಡಿಯಂ’ ಎಂದರೆ ಭಾರತದಿಂದ ಬರುತ್ತಿದ್ದ ಕರಿಗೇರಿನ ಕಾಯಿ, ಹೃದಯದ ಆಕಾರದ್ದು. ಗಿಡಮರಗಳಿಗೆ ವೈಜ್ಞಾನಿಕ ಹೆಸರು ಕೊಟ್ಟ ಲಿನೇಯಸ್ 1753ರಲ್ಲಿ ಆ ಹೆಸರನ್ನು ಕಾಜು ಮರಕ್ಕೆ ಕೊಟ್ಟು ‘ಪಶ್ಚಿಮದ ಅನಕಾರ್ಡಿಯಂ’ ಎಂದ. ನಿಜವಾದ ಅನಕಾರ್ಡಿಯಂಗೆ ಆಮೇಲೆ ಬೇರೆ ಹೆಸರು ಹುಡುಕಬೇಕಾಯಿತು.

ಮಲಯಾಳದವರು ಈ ಗೋಜಿಗೆ ಹೋಗದೆ ಹಡಗಿನಲ್ಲಿ ಬಂದದ್ದನ್ನು ಕಪ್ಪಲ್ ಮಾವು, ಪರಂಗಿಯವರದ್ದನ್ನು ಪರಂಗಿ ಮಾವು ಎಂದು ನೇರವಾಗಿ ಕರೆದರು. ತಮಿಳಿನ ಮುಂದಿರಿಯದ್ದು ಇನ್ನೊಂದು ತಮಾಷೆ. ತಮಿಳುನಾಡಿನಲ್ಲಿ ಮುಂದಿರಿ ಎಂದರೆ ಗೋಡಂಬಿ, ಗಡಿ ದಾಟಿ ಕೇರಳಕ್ಕೆ ಹೋದರೆ ದ್ರಾಕ್ಷಿ. ಪಾಯಸಕ್ಕೆ ಎರಡೂ ಬೇಕಾಗುವುದರಿಂದ ಅಡುಗೆ ಕೆಡುವ ಭಯವಿಲ್ಲ.

ಕೈಪಿಡಿಗೆ ಬರುತ್ತೇನೆ. ನನ್ನ ಮುಂದಿರುವ ಇಂಗ್ಲಿಷ್ ಪುಸ್ತಿಕೆಯ ಒಂದು ಕನ್ನಡ ಅನುವಾದ ಈಗಾಗಲೇ ಇದೆ. ಅದರಲ್ಲಿ ‘ಗೇರು ಕೊಯ್ಲು’ ಎಂಬ ಅಧ್ಯಾಯವಿದೆ. ಗೇರನ್ನು ಯಾರು ಕೊಯ್ಯುತ್ತಾರೆ? ಉಪ್ಕರಿಗೆ ಎಳೆಬೀಜ ಬೇಕಾದಾಗ ಕೊಯ್ಯುವುದುಂಟು. ಉಳಿದಂತೆ ಫೆಬ್ರವರಿಯಿಂದ ಮೇ ತನಕ ಹಣ್ಣು ತಾನಾಗಿ ಬೀಳಬೇಕು, ಬಿದ್ದದ್ದನ್ನು ಹೆಕ್ಕಬೇಕು, ಹಣ್ಣಿನಿಂದ ಬೀಜವನ್ನು ತಿರುಪಿ ತೆಗೆಯಬೇಕು. ಕೊಂಬೆ ಅಲುಗಿಸಿ ಉದುರಿಸಿದರೆ ಬಲಿಯದ ಬೀಜವೂ ಸೇರಿ ತಿರುಳು ಸುರುಟುತ್ತದೆ. ‘ಹೆಕ್ಕುವುದು’ ಎಂಬ ಮಾತಿನಲ್ಲೇ ಅರ್ಧ ತರಬೇತಿ ಅಡಗಿದೆ. ಅದನ್ನು ‘ಕೊಯ್ಲು’ ಮಾಡಿದರೆ ಹೊಸಬರು ದೋಟಿ ಹಿಡಿದು ಹೊರಡುತ್ತಾರೆ.

ಎರಡನೆಯದು ‘ಗೇರುಬೀಜ ಕವಚ ದ್ರವ’. ಚಿಪ್ಪಿನೊಳಗಿನ ಸುಡುವ ಎಣ್ಣೆಗೆ ಆ ಪುಸ್ತಿಕೆ ಕೊಟ್ಟ ಹೆಸರು. ನಮ್ಮಲ್ಲಿ ಅದಕ್ಕೆ ಗೇರೆಣ್ಣೆ ಎನ್ನುತ್ತಾರೆ. ಗೆದ್ದಲು ಹತ್ತದಿರಲಿ ಎಂದು ಮರಕ್ಕೆ ಬಳಿಯುತ್ತಿದ್ದದ್ದು ಅದನ್ನೇ. ಈಗ ಬಣ್ಣಕ್ಕೆ, ವಾಹನಗಳ ಬ್ರೇಕ್ ಲೈನಿಂಗಿಗೆ ಹೋಗುತ್ತದೆ. ಹೆಸರು ಸಿದ್ಧವಾಗಿರುವಾಗ ಕವಚ ದ್ರವದ ಹಂಗೇಕೆ? ಒಂದೇ ಅಡ್ಡಿ: ತೆಂಗಿನೆಣ್ಣೆ, ಕಡಲೆಯೆಣ್ಣೆಯ ಸಾಲಿನಲ್ಲಿ ಗೇರೆಣ್ಣೆ ಎಂದು ಓದಿದ ಪೇಟೆಯವರು ತಿನ್ನುವ ಎಣ್ಣೆ ಎಂದುಕೊಂಡಾರು. ಅದಕ್ಕೆ ಮೊದಲ ಸಲ ಬರೆಯುವಾಗ ‘ಮೈ ಸುಡುವ ಗೇರೆಣ್ಣೆ’ ಎಂದು ಬರೆದಿದ್ದೇನೆ.

ಕಾರ್ಖಾನೆಯೊಳಗಿನ ಮಾತುಗಳು ಇನ್ನೂ ಸ್ವಾರಸ್ಯ. ಒಣಗಿಸಿದ ಬೀಜವನ್ನು ಹಬೆಯಲ್ಲಿ ಬೇಯಿಸಿ, ತಣಿಸಿ, ಕಟ್ಟಿಂಗಿಗೆ ತರುತ್ತಾರೆ. ಮೇಜಿನ ಮೇಲೆ ಬೀಜದ ಬಾಗಿಗೆ ಹೊಂದುವ ಎರಡು ಅಲಗು. ಬೀಜವನ್ನು ನಡುವೆ ಇಟ್ಟು ಕಾಲಿನಲ್ಲಿ ಮೆಟ್ಟಿ ಅಲಗು ಕೂಡಿಸಿ, ಕೈಯಿಂದ ಸನ್ನೆಕೋಲನ್ನು ತಿರುಪಿದರೆ ಚಿಪ್ಪು ಎರಡು ಹೋಳು. ಎಣ್ಣೆ ಹಚ್ಚಿದ ಬೆರಳುಗಳು ಒಳಗಿನ ತಿರುಳನ್ನು ಎಬ್ಬಿಸುತ್ತವೆ. ಅಲಗು ಒಂದು ಕೂದಲೆಳೆ ಆಳಕ್ಕೆ ಹೋದರೂ ಇಡಿ ತಿರುಳು ತುಂಡಾಗಿ ಬೆಲೆ ಇಳಿಯುತ್ತದೆ. ಆಮೇಲೆ ತಿರುಳು ‘ಬೋರ್ಮಾ’ಕ್ಕೆ ಹೋಗುತ್ತದೆ. ಅದು ಬಿಸಿಗಾಳಿಯಲ್ಲಿ ಒಣಗಿಸುವ ಗೂಡು. ಕೇರಳದಲ್ಲಿ ಬೇಕರಿಯ ಒಲೆಗೂ ಇದೇ ಹೆಸರು. ಅನುವಾದದಲ್ಲಿ ‘ಶುಷ್ಕಕಾರಕ’ ಎಂದಿದೆ, ಅದನ್ನು ಹೊಡೆದುಹಾಕಿ ಬೋರ್ಮಾ ಎಂದೇ ಬರೆದೆ. ಬೋರ್ಮಾದಿಂದ ಬಂದ ತಿರುಳಿಗೆ ಅಂಟಿದ ತೆಳು ಕೆಂಪು ಪೊರೆಯನ್ನು ಸುಲಿಯುವುದು ಪೀಲಿಂಗ್. ಪಾಠಪುಸ್ತಕ ಇದಕ್ಕೆ ‘ಬೀಜಕವಚ’ ಎನ್ನುತ್ತದೆ. ಆದರೆ ‘ಗೇರುಬೀಜದ ಬೀಜಕವಚ’ ಎಂದರೆ ಓದುವವರು ಗಟ್ಟಿ ಚಿಪ್ಪನ್ನೇ ನೆನೆಯುತ್ತಾರೆ. ಚಿಪ್ಪು, ಕೆಂಪು ಸಿಪ್ಪೆ, ತಿರುಳು ಎಂದು ಮೂರು ಮಾತಿನಲ್ಲಿ ಮುಗಿಸಿದ್ದೇನೆ.

ಗ್ರೇಡಿಂಗಿನ ಲೆಕ್ಕಕ್ಕೆ ಒಂದು ಟಿಪ್ಪಣಿ ಬೇಕೇ ಬೇಕು. ಡಬ್ಲ್ಯೂ 180, ಡಬ್ಲ್ಯೂ 240, ಡಬ್ಲ್ಯೂ 320 ಎಂಬುದು ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಮಿಗೆ, ಹೆಚ್ಚೆಂದರೆ ಎಷ್ಟು ಇಡಿ ತಿರುಳು ತೂಗುತ್ತವೆ ಎಂಬ ಎಣಿಕೆ. ಅಂಕಿ ದೊಡ್ಡದಾದಷ್ಟೂ ತಿರುಳು ಸಣ್ಣದು. 320 ಎಂದರೆ 180ಕ್ಕಿಂತ ಮೇಲಿನ ದರ್ಜೆ ಎಂದುಕೊಂಡು ಹೆಚ್ಚು ಬೆಲೆ ಕೊಡಲು ಸಿದ್ಧವಾಗುವ ಗಿರಾಕಿಗಳೂ ಇರುತ್ತಾರೆ. ಇಡಿ, ಹೋಳು, ತುಂಡು ಎಂಬ ಕನ್ನಡದ ಮಾತುಗಳು ಇಲ್ಲಿ ಸಲೀಸಾಗಿ ಕೂತಿವೆ.

ಮುಖಪುಟದ ತಕರಾರನ್ನು ಹೀಗೆ ಬಗೆಹರಿಸಿದ್ದೇನೆ: ಫಲಕದ ಮೇಲೆ ‘ಗೇರುಬೀಜ ಸಂಸ್ಕರಣಾ ಘಟಕ’, ಪೊಟ್ಟಣದ ಮೇಲೆ ‘ಗೋಡಂಬಿ’. ಒಳಗೆ ಬರುವುದು ಒಂದು, ಹೊರಗೆ ಹೋಗುವುದು ಇನ್ನೊಂದು. ನಾಲ್ಕು ಕಿಲೋ ಗೇರುಬೀಜ ಕೊಟ್ಟರೆ ಸುಮಾರು ಒಂದು ಕಿಲೋ ಗೋಡಂಬಿ. ಪುತ್ತೂರಿನಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆಯೂ ‘ಗೇರು ಸಂಶೋಧನಾ ನಿರ್ದೇಶನಾಲಯ’, ರಾಜ್ಯದ್ದೂ ‘ಗೇರು ಅಭಿವೃದ್ಧಿ ನಿಗಮ’ ಎಂದು ತೋರಿಸಿದ ಮೇಲೆ ಸೊಸೆಯೂ ಒಪ್ಪಿದಳು, ಪೊಟ್ಟಣ ತನ್ನ ಪಾಲಿಗೆ ಉಳಿಯಿತಲ್ಲ ಎಂದು.

ಈಗ ನಿಮ್ಮಿಂದ ಬೇಕಾದದ್ದು. ಉತ್ತರ ಕನ್ನಡದವರು ಮತ್ತು ಕುಂದಾಪುರದವರು ಎಳೆಬೀಜಕ್ಕೆ, ಕೆಂಪು ಸಿಪ್ಪೆಗೆ ಏನೆನ್ನುತ್ತೀರಿ? ಚಿಂತಾಮಣಿ, ಕೋಲಾರದ ಕಡೆ ಮರಕ್ಕೂ ತಿರುಳಿಗೂ ಒಂದೇ ಮಾತೇ, ಅಥವಾ ತೆಲುಗಿನ ಜೀಡಿ ಕನ್ನಡ ಮಾತಿನೊಳಗೂ ನುಸುಳಿದೆಯೇ? ಬೆಳಗಾವಿ, ಬೀದರದ ಗೆಳೆಯರು ಕರಿಗೇರಿನ ತಿರುಳಿಗೆ ಈಗಲೂ ಗೋಡಂಬಿ ಎಂದು ಹೇಳುವ ಹಿರಿಯರನ್ನು ಕಂಡಿದ್ದರೆ ದಯವಿಟ್ಟು ಊರಿನ ಹೆಸರಿನೊಂದಿಗೆ ತಿಳಿಸಿ. ಗಡಿಯ ಈಚೆಗೂ ಆ ಬಳಕೆ ಇತ್ತು ಎಂಬುದಕ್ಕೆ ಅಂಥ ಒಂದು ಮಾತು ಸಿಕ್ಕರೂ ಸಾಕು. ಕೈಪಿಡಿ ಮುದ್ರಣಕ್ಕೆ ಹೋಗುವುದು ಮಳೆಗಾಲ ಕಳೆದ ಮೇಲೆ, ಹಾಗಾಗಿ ನಿಧಾನವಾಗಿ ವಿಚಾರಿಸಿ ಬರೆದರೂ ನಡೆಯುತ್ತದೆ.