ಶಾಲೆಯ ಸುದ್ದಿ ಯಾರ ಫೋನಿಗೆ ಬರಬೇಕು?

ಇದು ಮಾರ್ಚ್ ಕೊನೆಯ ವಾರ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತುಕತೆ. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರು ತೆಗೆದು ಊರು, ಸಂಬಂಧ ಮಾತ್ರ ಉಳಿಸಿದ್ದೇನೆ. ಯಾದಗಿರಿ, ಕಲಬುರಗಿ ಕಡೆಯ ಹಳ್ಳಿಗಳಲ್ಲಿ ಮಕ್ಕಳನ್ನು ಬಿಟ್ಟು ದೂರ ದುಡಿಯುವವರು ಇದನ್ನು ಓದಬೇಕು ಅನ್ನಿಸಿತು.

ಪುಣೆ ತಮ್ಮ: (ಫೋಟೊ)

ಪುಣೆ ತಮ್ಮ: ಶಾಲೆಯ ಗುಂಪಿನಿಂದ ಬಂದದ್ದು, ಓದಿ 👇
“ನಲಿ-ಕಲಿ (ಒಂದರಿಂದ ಮೂರನೇ ತರಗತಿ) ಮಕ್ಕಳ ಪಾಲಕರಿಗೆ ನಮಸ್ಕಾರ. ಈ ವಾರ ಎರಡನೇ ತರಗತಿಯವರು ಕಡ್ಡಿ ಕಟ್ಟು ಬಿಚ್ಚಿ, ಎಣಿಸಿ, ಎರಡಂಕಿ ಕಳೆಯುವ ಲೆಕ್ಕ ಮಾಡಿದರು. ಕನ್ನಡದಲ್ಲಿ ಒತ್ತಕ್ಷರದ ಪದ ಓದುತ್ತಿದ್ದಾರೆ. ಮನೆಯಲ್ಲಿ ಬಸ್ಸಿನ ಬೋರ್ಡು, ಸಾಬೂನಿನ ಡಬ್ಬಿ, ಏನು ಸಿಕ್ಕರೂ ಓದಿಸಿ. ಶನಿವಾರ ಮಕ್ಕಳ ಸಂತೆ. ಮನೆಯಲ್ಲಿ ಇದ್ದ ಕಾಯಿಪಲ್ಲೆ ಒಂದಿಷ್ಟು ಕೊಟ್ಟು ಕಳಿಸಿ. ಕೊಂಡು ತರಬೇಡಿ. ಏಪ್ರಿಲ್ 10ಕ್ಕೆ ಸಮುದಾಯದತ್ತ ಶಾಲೆ. ಮಕ್ಕಳು ವರ್ಷವಿಡೀ ಮಾಡಿದ್ದನ್ನು ನೋಡಲು ಬನ್ನಿ. ಹೊಸ ಬಟ್ಟೆ ಬೇಡ.”

ಪುಣೆ ತಮ್ಮ: ನನ್ನ ಮಗಳ ಟೀಚರ್ ಬರೆದದ್ದು. ಸೈಟಿನಲ್ಲಿ ಊಟಕ್ಕೆ ಕೂತಾಗ ಓದಿದೆ. ನಮ್ಮ ಕಾಲದಲ್ಲಿ ಶಾಲೆಯೊಳಗೆ ಏನು ನಡೆಯುತ್ತದೆ ಅಂತ ನಮ್ಮ ಅಪ್ಪನಿಗೆ ಗೊತ್ತೇ ಇರಲಿಲ್ಲ.

ಸೇಡಂ ಕಾಕಾ: ಟೀಚರ್ ಒಳ್ಳೆಯವರು, ಅನುಮಾನ ಇಲ್ಲ. ಆದರೂ ಕೇಳುತ್ತೇನೆ, ಇದು ಅವರ ಕೆಲಸವಾ? ಮೂವತ್ತು ವರ್ಷದ ಮೇಲೆ ಮೇಷ್ಟ್ರಾಗಿದ್ದೆ. ಈಗಿನವರ ಪಾಡು ನೋಡುತ್ತಿದ್ದೇನೆ. ಸ್ಯಾಟ್ಸ್ ಅನ್ನುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ಹಾಜರಿ ಹಾಕಬೇಕು. ಹಾಲಿನ ಲೆಕ್ಕ, ಮೊಟ್ಟೆ ಲೆಕ್ಕ ಬರೆಯಬೇಕು. ಚುನಾವಣೆ ಬಂದರೆ ಅದೂ ಅವರ ತಲೆಗೇ. ಇದರ ಮೇಲೆ ವಾರಕ್ಕೊಂದು ಪತ್ರ ಬರೆಯಿರಿ ಅಂದರೆ ಪಾಠ ಯಾವಾಗ ಮಾಡುತ್ತಾರೆ?

ಕಲಬುರಗಿ ತಂಗಿ: ನಾನು ಕಾಕಾ ಕಡೆ. ಬೇಕಾದರೆ ನನ್ನ ಮಗನ ಶಾಲೆಯ ಗುಂಪು ತೋರಿಸುತ್ತೇನೆ. ಬೆಳಗಾದರೆ ಹೂವಿನ ಚಿತ್ರ, ಸಂಜೆ ಫೀಸಿನ ನೆನಪು, ನಡುವೆ ಪಾಲಕರ ಥ್ಯಾಂಕ್ಯೂ ಥ್ಯಾಂಕ್ಯೂ. ಬೇಕಾದ ಒಂದು ಮಾತು ಅದರಲ್ಲಿ ಮುಳುಗಿಹೋಗುತ್ತದೆ. ಗ್ಯಾದರಿಂಗ್‌ಗೆ (ಶಾಲೆಯ ವಾರ್ಷಿಕೋತ್ಸವಕ್ಕೆ) ಹಳದಿ ಜುಬ್ಬಾ ಬೇಕು ಅಂತ ರಾತ್ರಿ ಒಂಬತ್ತಕ್ಕೆ ಹಾಕಿದರು, ಮರುದಿನ ಬೆಳಿಗ್ಗೆಗೇ ಬೇಕಂತೆ. ಇಲ್ಲಿನ ಸೂಪರ್ ಮಾರ್ಕೆಟ್ ಪೇಟೆ ಪೂರ್ತಿ ಸುತ್ತಿದೆ. ಅಂಗಡಿಗಳು ಬಾಗಿಲು ಹಾಕುತ್ತಿದ್ದವು.

ಪುಣೆ ತಮ್ಮ: ಅಕ್ಕಾ, ನಿನಗೆ ಜಾಸ್ತಿ ಆಗಿದೆ. ನಮಗೆ ಇದು ಮೊದಲನೇ ಸಲ.

ಕಲಬುರಗಿ ತಂಗಿ: ಸರಿ ಕಣೋ. ಆದರೆ ಆ ಫೋಟೊ ಸ್ವಲ್ಪ ದೊಡ್ಡದು ಮಾಡಿ ನೋಡು. ಮಕ್ಕಳ ಹಿಂದೆ ಗೋಡೆಯ ಮೇಲೆ ಪ್ರಗತಿ ನೋಟ, ಅಂದರೆ ಯಾವ ಮಗು ಎಷ್ಟು ಕಲಿತಿದೆ ಅನ್ನುವ ಪಟ್ಟಿ ಕಾಣುತ್ತಿದೆ. ಎಲ್ಲ ಮಕ್ಕಳ ಹೆಸರೂ ಓದಲು ಬರುತ್ತದೆ. ನಮ್ಮ ಹುಡುಗಿಯ ಸಾಲು ತುಂಬಿದೆ. ಅದರ ಕೆಳಗಿನ ಹುಡುಗನ ಸಾಲು ಅರ್ಧ ಖಾಲಿ. ಆ ಮಗು ನಮಗೆ ಯಾರು? ಅವನು ಹಿಂದೆ ಇದ್ದಾನೆ ಅಂತ ಪುಣೆ, ಸೇಡಂ, ಕಲಬುರಗಿಗೆಲ್ಲ ಯಾಕೆ ಗೊತ್ತಾಗಬೇಕು? 2023ರ ಡೇಟಾ ರಕ್ಷಣೆ ಕಾಯ್ದೆಯೇ ಹದಿನೆಂಟರ ಒಳಗಿನವರ ವಿವರಕ್ಕೆ ಪಾಲಕರ ಒಪ್ಪಿಗೆ ಬೇಕು ಅನ್ನುತ್ತದೆ. ಕಾಯ್ದೆ ಬಿಡು, ಅವನ ಅವ್ವ ನೋಡಿದರೆ ಎಷ್ಟು ನೊಂದುಕೊಳ್ಳುತ್ತಾಳೆ?

ಪುಣೆ ತಮ್ಮ: *ಈ ಸಂದೇಶವನ್ನು ಅಳಿಸಲಾಗಿದೆ*

ಪುಣೆ ತಮ್ಮ: ತೆಗೆದೆ. ಶಾಲೆಯ ಗುಂಪಿನಿಂದಲೂ ತೆಗೆಯಲು ಟೀಚರ್‌ಗೆ ಹೇಳುತ್ತೇನೆ.

ಶಹಾಪುರ ಅಕ್ಕ: ಇಷ್ಟೊತ್ತು ಅಡುಗೆ ಮಾಡುತ್ತಿದ್ದೆ. ನಾನೂ ನಲಿ-ಕಲಿ ಟೀಚರ್ ಆದ್ದರಿಂದ ಒಂದು ಮಾತು. ಫೋಟೊ ತೆಗೆದದ್ದು ಒಳ್ಳೆಯದಾಯಿತು. ಆದರೆ ಆ ಹುಡುಗ ಹಿಂದೆ ಬಿದ್ದಿದ್ದಾನೆ ಅನ್ನಬೇಡಿ. ನಲಿ-ಕಲಿಯಲ್ಲಿ ಒಂದರಿಂದ ಮೂರನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂತು ಕಲಿಯುತ್ತಾರೆ. ಕಲಿಕಾ ಏಣಿ ಅಂತ ಇರುತ್ತದೆ. ಒಬ್ಬೊಬ್ಬರು ಒಂದೊಂದು ಮೆಟ್ಟಿಲಲ್ಲಿ ಇರುತ್ತಾರೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿಗೆ ಅಪ್ಪ-ಅವ್ವನ ಜೊತೆ ಹೋದ ಮಗು ವಾಪಸ್ ಬಂದರೆ ಬಿಟ್ಟ ಮೆಟ್ಟಿಲಿನಿಂದಲೇ ಶುರು ಮಾಡುತ್ತದೆ. 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನಲ್ಲಿ ಈ ಪದ್ಧತಿ ಶುರುವಾಯಿತು. ನಮ್ಮ ಕಡೆಯ ಮಕ್ಕಳಿಗೆ ಇದು ಬಹಳ ಹೊಂದುತ್ತದೆ. ಆದರೆ ಪಾಲಕರಿಗೆ ಇದನ್ನು ಕೂತು ಹೇಳಿದವರೇ ಕಡಿಮೆ. ಅವರು ಕಿಟಕಿಯಿಂದ ನೋಡುತ್ತಾರೆ. ಮಕ್ಕಳು ನೆಲದ ಮೇಲೆ ಕಾರ್ಡು ಹಿಡಿದು ಕೂತಿರುತ್ತವೆ, ಹಾಡುತ್ತಿರುತ್ತವೆ. ಈ ಶಾಲೆಯಲ್ಲಿ ಪಾಠ ಮಾಡುವುದಿಲ್ಲ ಅಂದುಕೊಂಡು ಸಾಲ ಮಾಡಿ ಬೇರೆ ಶಾಲೆಗೆ ಸೇರಿಸುತ್ತಾರೆ.

ಸೇಡಂ ಕಾಕಾ: ಇದು ಸತ್ಯ. ನಾನೂ ನೋಡಿದ್ದೇನೆ.

ಶಹಾಪುರ ಅಕ್ಕ: ಕಾಕಾ, ಇದು ನಮ್ಮ ಕೆಲಸವಾ ಅಂತ ಕೇಳಿದಿರಿ. ಹೌದು, ನಮ್ಮದೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ ಶಿಕ್ಷಕರ ಕರ್ತವ್ಯ ಹೇಳುತ್ತದೆ. ಪಾಲಕರ ಜೊತೆ ತಪ್ಪದೆ ಸಭೆ ಮಾಡಬೇಕು. ಮಗುವಿನ ಹಾಜರಿ, ಕಲಿಯುವ ಶಕ್ತಿ, ಎಷ್ಟು ಮುಂದೆ ಬಂದಿದೆ ಅನ್ನುವುದನ್ನು ಅವರಿಗೆ ತಿಳಿಸಬೇಕು. ಪಾಠ ಮುಗಿಸುವುದು ಎಷ್ಟು ಮುಖ್ಯವೋ ಇದೂ ಅಷ್ಟೇ ಮುಖ್ಯ ಅಂತ ನಾನು ನಂಬಿದ್ದೇನೆ. ಮೊಟ್ಟೆ ಲೆಕ್ಕದ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಕಡಿಮೆ ಮಾಡಬೇಕಾದದ್ದು ಆ ಹೊರೆಯನ್ನು.

ದೊಡ್ಡವ್ವ (ಮೊಮ್ಮಗನ ಫೋನಿನಿಂದ, ಧ್ವನಿ ಸಂದೇಶ): ಏನಪ್ಪಾ, ನೀವೆಲ್ಲ ಏನು ಮಾತಾಡುತ್ತಿದ್ದೀರಿ ಅಂತ ಈ ಹುಡುಗ ಓದಿ ಹೇಳಿದ. ಎರಡು ದಿನದಿಂದ ನಮ್ಮ ಕೂಸು ಮೆಂತ್ಯ ಕೊಡು, ಮೆಂತ್ಯ ಕೊಡು ಅಂತ ಬೆನ್ನು ಹತ್ತಿದೆ. ಯಾಕೆ ಅಂದರೆ ಸಂತೆ ಅನ್ನುತ್ತದೆ. ನಮ್ಮೂರ ಸಂತೆ ಮಂಗಳವಾರ. ಶನಿವಾರ ಯಾವ ಸಂತೆ? ಈಗ ಗೊತ್ತಾಯಿತು. ನನಗೂ ಸೊಸೆಗೂ ಯಾರೂ ಹೇಳಿಲ್ಲ. ಅಪ್ಪನಿಗೆ ಪುಣೆಯಲ್ಲಿ ಗೊತ್ತು, ಮನೆಯಲ್ಲಿ ಇದ್ದ ನಮಗೆ ಗೊತ್ತಿಲ್ಲ. ಇದು ಯಾವ ನ್ಯಾಯ? ಮತ್ತೆ ಹತ್ತನೇ ತಾರೀಖು ಅನ್ನಬೇಡಿ, ಯಾವ ವಾರ ಅಂತ ಹೇಳಿ.

ನಾನು: ಶುಕ್ರವಾರ, ದೊಡ್ಡವ್ವ.

ನಾನು: ದೊಡ್ಡವ್ವ ಹೇಳಿದ್ದೇ ನನ್ನ ಮಾತು. ಸುದ್ದಿ ಹೋಗುವುದು ಫೋನ್ ನಂಬರಿಗೆ. ಮಗುವಿನ ಜೊತೆ ಕೂರುವವರಿಗೆ ಅದು ಹೋಗುತ್ತಿಲ್ಲ. ದಾಖಲಾತಿ ಮಾಡುವಾಗ ಶಾಲೆಯವರು ಅಪ್ಪನ ನಂಬರ್ ಬರೆದುಕೊಂಡರು. ಅಪ್ಪ ಪುಣೆಗೋ ಬೆಂಗಳೂರಿಗೋ ಹೋದ, ಸ್ಮಾರ್ಟ್‌ಫೋನೂ ಅವನ ಜೊತೆ ಹೋಯಿತು. ಮನೆಯಲ್ಲಿ ಉಳಿದದ್ದು ಕೀಪ್ಯಾಡ್ ಫೋನು. ಒತ್ತಕ್ಷರ ಓದಿಸಿ ಅನ್ನುವ ಮಾತು ಪುಣೆಯ ಸೈಟಿನಲ್ಲಿ ಕೂತವನಿಗೆ ಬಂದರೆ ಏನು ಉಪಯೋಗ? ರಾತ್ರಿ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ರೊಟ್ಟಿ ತಟ್ಟುವವಳಿಗೆ ಅದು ಗೊತ್ತಿರಬೇಕು. ಗೊತ್ತಿದ್ದರೆ ಅವಳು “ಇವತ್ತು ಕಡ್ಡಿ ಕಟ್ಟು ಬಿಚ್ಚಿದೆಯಾ?” ಅಂತ ಕೇಳುತ್ತಾಳೆ. ಮಗು ಬಾಯಿ ಬಿಡುತ್ತದೆ. “ಶಾಲೆಯಲ್ಲಿ ಏನು ಮಾಡಿದೆ?” ಅಂತ ಸುಮ್ನೆ ಕೇಳಿದರೆ ಯಾವ ಮಗುವೂ “ಏನಿಲ್ಲ” ಅಂತಲೇ ಹೇಳುತ್ತದೆ.

ಇನ್ನೊಂದು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83. ರಾಜ್ಯದಲ್ಲೇ ಕಡಿಮೆ. ಈಗ ಏರಿರಬಹುದು. ಆದರೆ ಆಗ ಓದಲು ಬಾರದಿದ್ದ ಹುಡುಗಿಯರೇ ಈಗ ಎರಡನೇ ತರಗತಿ ಮಕ್ಕಳ ಅವ್ವಂದಿರು. ಅವರಿಗೆ ಎಷ್ಟು ಚೆಂದದ ಪತ್ರ ಬರೆದರೂ ಓದಲು ಇನ್ನೊಬ್ಬರು ಬೇಕು. ಆ ಇನ್ನೊಬ್ಬರು ಹೊಲದಿಂದ, ಕಾಲೇಜಿನಿಂದ ಬರುವ ಹೊತ್ತಿಗೆ ಸಂತೆ ಮುಗಿದಿರುತ್ತದೆ.

ಕಲಬುರಗಿ ತಂಗಿ: ಹೌದಲ್ವಾ. ನಾನು ನನ್ನ ಗುಂಪಿನ ಗದ್ದಲದ ಬಗ್ಗೆಯೇ ಹೇಳುತ್ತಿದ್ದೆ.

ಸೇಡಂ ಕಾಕಾ: ಸಮಸ್ಯೆ ಹೇಳಿದೆ. ದಾರಿ ಏನು? ಟೀಚರ್ ಮನೆಮನೆಗೆ ಹೋಗಬೇಕಾ?

ಶಹಾಪುರ ಅಕ್ಕ: ಬೇಡ ಕಾಕಾ. ನಮ್ಮ ಶಾಲೆಯಲ್ಲಿ ಮಾಡುವುದನ್ನು ಹೇಳುತ್ತೇನೆ. ಶುಕ್ರವಾರ ಮಧ್ಯಾಹ್ನ ಒಂದು ನಿಮಿಷದ ಧ್ವನಿ ಸಂದೇಶ ಕಳಿಸುತ್ತೇನೆ. ಬರೆಯುವುದಕ್ಕಿಂತ ಹೇಳುವುದು ಬೇಗ ಆಗುತ್ತದೆ. ಈ ವಾರ ಏನಾಯಿತು, ಮುಂದೆ ಏನಿದೆ, ಮನೆಯಲ್ಲಿ ಏನು ಕೇಳಬೇಕು, ಇಷ್ಟೇ. ತಾಂಡಾದ ತಾಯಂದಿರಿಗೆ ಏಳನೇ ತರಗತಿ ಹುಡುಗಿ ಅದನ್ನೇ ಲಂಬಾಣಿಯಲ್ಲಿ ಹೇಳುತ್ತಾಳೆ. ಕೀಪ್ಯಾಡ್ ಫೋನ್ ಮಾತ್ರ ಇರುವ ಮನೆಗಳ ಪಟ್ಟಿ ಬೇರೆ ಇದೆ. ಆ ಮನೆಗಳಿಗೆ ಕಾರ್ಯಕ್ರಮ ಇದ್ದಾಗ ಮಾತ್ರ ಕರೆ ಮಾಡುತ್ತೇವೆ. ದಿನದ ಮಾತನ್ನು ಶಾಲೆ ಬಿಡುವ ಮುಂಚೆ ಮಕ್ಕಳ ಬಾಯಿಂದಲೇ ಹೇಳಿಸಿ ಕಳಿಸುತ್ತೇವೆ. ಮಕ್ಕಳು ಮನೆಗೆ ಹೋಗಿ ಅದನ್ನೇ ಹೇಳುತ್ತವೆ.

ಸೇಡಂ ಕಾಕಾ: ಧ್ವನಿ ಸಂದೇಶ ಕತ್ತರಿಸಿ, ಬೇರೆ ಕಡೆ ಕಳಿಸಿ, “ಟೀಚರ್ ಹೀಗಂದರು” ಅಂತ ಊರಲ್ಲಿ ಜಗಳ ಮಾಡಿದರೆ? ನಮ್ಮ ಕಡೆ ಇಂಥದ್ದು ಆಗಿದೆ.

ಶಹಾಪುರ ಅಕ್ಕ: ಅದಕ್ಕೆ ಒಂದೊಂದು ಮಗುವಿನ ಮಾತು ಗುಂಪಿನಲ್ಲಿ ಆಡುವುದೇ ಇಲ್ಲ. ಹೊಗಳಿಕೆಯೂ ಇಲ್ಲ. ಹೊಗಳಿದರೆ ಉಳಿದ ಅವ್ವಂದಿರು ನಮ್ಮದರ ಹೆಸರು ಯಾಕೆ ಬರಲಿಲ್ಲ ಅನ್ನುತ್ತಾರೆ. ಮಗುವಿನ ಮಾತು ಎದುರು ಕೂತು ಆಡುವುದು. ಗುಂಪಿನಲ್ಲಿ ಎಲ್ಲರಿಗೂ ಸೇರಿದ್ದು ಮಾತ್ರ. ಉಳಿದವರು ಬರೆಯದಂತೆ ಗುಂಪನ್ನು ಬಂದ್ ಇಟ್ಟಿದ್ದೇವೆ. ತಂಗಿ ಹೇಳಿದ ಹೂವಿನ ಚಿತ್ರದ ಕಾಟ ಇಲ್ಲ.

ಕಲಬುರಗಿ ತಂಗಿ: ನಮ್ಮ ಶಾಲೆಯವರಿಗೂ ಇದನ್ನು ಕಳಿಸುತ್ತೇನೆ 🙏

ಪುಣೆ ತಮ್ಮ: ನನ್ನ ಸಂಕಟ ಬೇರೆ. 10ಕ್ಕೆ ಬರಬೇಕು ಅಂತ ಉದ್ಯಾನ್ ಎಕ್ಸ್‌ಪ್ರೆಸ್ ನೋಡಿದೆ. ಅದು ಪುಣೆಯಿಂದ ಯಾದಗಿರಿಗೆ ನೇರ ಬರುತ್ತದಲ್ವಾ. ಎಲ್ಲ ವೇಟಿಂಗ್. ಈಗ ರಿಸರ್ವೇಷನ್ 60 ದಿನ ಮೊದಲು ತೆರೆಯುತ್ತದೆ. ಫೆಬ್ರವರಿಯಲ್ಲೇ ಹೇಳಿದ್ದರೆ ಟಿಕೆಟ್ ಸಿಗುತ್ತಿತ್ತು. ಉಗಾದಿಗೆ ಬಂದು ರಜೆ ಮುಗಿಸಿಬಿಟ್ಟೆ. ಗೊತ್ತಿದ್ದರೆ ಹಬ್ಬ ಬಿಟ್ಟು ಇದಕ್ಕೇ ಬರುತ್ತಿದ್ದೆ. ಮಗಳು ಹಾಡುತ್ತಾಳಂತೆ.

ನಾನು: ಅಕ್ಕಾ, ಏಪ್ರಿಲ್ 10 ಅನ್ನುವುದು ನಿಮಗೆ ಯಾವಾಗ ಗೊತ್ತಾಗುತ್ತದೆ?

ಶಹಾಪುರ ಅಕ್ಕ: ಇಲಾಖೆಯ ಶೈಕ್ಷಣಿಕ ಮಾರ್ಗದರ್ಶಿ ವರ್ಷದ ಶುರುವಿಗೇ ಬರುತ್ತದೆ. ಪರೀಕ್ಷೆ, ದಸರೆ ರಜೆ, ಬೇಸಿಗೆ ರಜೆ ಎಲ್ಲ ಅದರಲ್ಲಿ ಇರುತ್ತದೆ. ಏಪ್ರಿಲ್ 10 ಅಂತೂ ಬಹಳ ವರ್ಷದಿಂದ ನಡೆದು ಬಂದ ದಿನ. 11ರಿಂದ ರಜೆ.

ನಾನು: ಹಾಗಾದರೆ ಜೂನ್‌ನಲ್ಲೇ ಹೇಳಬಹುದು! ಒಂದು ಹಾಳೆ ಸಾಕು. ಮಕ್ಕಳ ಸಂತೆ, ಪ್ರತಿಭಾ ಕಾರಂಜಿ, ಗ್ಯಾದರಿಂಗ್, ಏಳನೇ ತರಗತಿಯ ಬೀಳ್ಕೊಡುಗೆ, ಏಪ್ರಿಲ್ 10. ತಾರೀಖು ಗೊತ್ತಿಲ್ಲದ್ದಕ್ಕೆ ತಿಂಗಳು ಹಾಕಿ. ದೂರ ದುಡಿಯುವವರು ವರ್ಷಕ್ಕೆ ಎರಡು ಸಲ ಊರಿಗೆ ಬರುತ್ತಾರೆ. ಯಾವ ಎರಡು ಸಲ ಅಂತ ಅವರೇ ಆರಿಸಿಕೊಳ್ಳಲಿ. ಇದಕ್ಕೆ ದುಡ್ಡೂ ಬೇಡ, ಆ್ಯಪೂ ಬೇಡ.

ಹೊತ್ತು ಎಷ್ಟು ಅಂತಲೂ ಮೊದಲೇ ಹೇಳಬೇಕು. ಈ ಸಂದೇಶದಲ್ಲಿ ಅದೇ ಇಲ್ಲ. ನಮ್ಮ ಕಡೆ ಏಪ್ರಿಲ್ ಬಿಸಿಲು ಎಂಥದ್ದು ಅಂತ ಎಲ್ಲರಿಗೂ ಗೊತ್ತು. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ ಒಂದೂವರೆವರೆಗೆ ನಡೆಯುತ್ತವೆ. ಹನ್ನೊಂದಕ್ಕೆ ಕರೆದು, ಅತಿಥಿಗಳಿಗೆ ಕಾದು, ಹನ್ನೆರಡೂವರೆಗೆ ಶುರು ಮಾಡಿದರೆ ಅವ್ವಂದಿರು ಹೇಗೆ ಬರುತ್ತಾರೆ? ಒಂದು ದಿನದ ಕೂಲಿ ಹೋಗುತ್ತದೆ. 2025-26ರ ನರೇಗಾ ಕೂಲಿಯೇ 370 ರೂಪಾಯಿ. ಅಷ್ಟು ಬಿಟ್ಟು ಬಂದವಳಿಗೆ ಹಿಂದಿನ ಸಾಲಿನಲ್ಲಿ ನಿಂತು ಭಾಷಣ ಕೇಳುವ ಪಾಲು. ಮಗುವಿನ ಪುಸ್ತಕ ನೋಡುವ ಪಾಲು ಇಲ್ಲ.

ಶಹಾಪುರ ಅಕ್ಕ: ಭಾಷಣದ ಮಾತು ನಿಜ. ಸಮುದಾಯದತ್ತ ಶಾಲೆ ಇರುವುದೇ ಮಗು ಏನು ಕಲಿತಿದೆ ಅಂತ ಅಪ್ಪ-ಅವ್ವನಿಗೆ ತೋರಿಸಲು. ಮಗುವೇ ತನ್ನ ಹಾಳೆ ಹಿಡಿದು ಅವ್ವನಿಗೆ ಓದಿ ತೋರಿಸಬೇಕು. ಬೆಳಿಗ್ಗೆ 8ಕ್ಕೆ ಶುರು ಮಾಡಿದರೆ ಒಂಬತ್ತೂವರೆಗೆ ಮುಗಿಯುತ್ತದೆ. ಕೆಲಸಕ್ಕೂ ಹೋಗಬಹುದು.

ಸೇಡಂ ಕಾಕಾ: ಅತಿಥಿಗಳನ್ನು ಕರೆಯದಿದ್ದರೆ ಊರಿನವರು ಸಿಟ್ಟಾಗುತ್ತಾರೆ.

ನಾನು: ಕಾಕಾ, ಅವರನ್ನು ಗ್ಯಾದರಿಂಗ್‌ಗೆ ಕರೆಯಲಿ. ಈ ದಿನ ಅವ್ವಂದಿರದು.

ಸೇಡಂ ಕಾಕಾ: ಹೂಂ. ಅದು ಒಪ್ಪುವ ಮಾತು.

ಶಹಾಪುರ ಅಕ್ಕ: ತಮ್ಮಾ, ನಿನ್ನ ಹೆಂಡತಿ ಅಲ್ಲಿ ಶಾಲೆಯ ಸಮಿತಿ, ಎಸ್‌ಡಿಎಂಸಿ ಸದಸ್ಯೆ ಅಲ್ವಾ?

ಪುಣೆ ತಮ್ಮ: ಹೌದು ಅಕ್ಕಾ. ಸಹಿ ಬೇಕಾದಾಗ ಪುಸ್ತಕ ಮನೆಗೆ ಬರುತ್ತದೆ. ಸಭೆಗೆ ಕರೆದದ್ದು ನನಗೆ ಗೊತ್ತಿಲ್ಲ.

ಶಹಾಪುರ ಅಕ್ಕ: ಹಾಗಾದರೆ ಈ ಸಲ ಅವಳೇ ಹೋಗಲಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರು ಇರಬೇಕು. ಸಮಿತಿಯ ಅರ್ಧದಷ್ಟು ಹೆಂಗಸರು ಇರಬೇಕು. ಸಹಿ ಹಾಕುವುದಕ್ಕೆ ಮಾತ್ರ ಅಲ್ಲ. ಮೂರು ಮಾತು ಕೇಳಲಿ. 10ರ ಕಾರ್ಯಕ್ರಮ ಬೆಳಿಗ್ಗೆ 8ಕ್ಕೆ ಇಡಿ. ಮನೆಯಲ್ಲಿ ಇರುವವರ ನಂಬರ್ ಬರೆದುಕೊಳ್ಳಿ. ಜೂನ್‌ನಲ್ಲಿ ವರ್ಷದ ಹಾಳೆ ಕೊಡಿ. ಟೀಚರ್ ಒಳ್ಳೆಯವರು ಅಂತ ಸಂದೇಶ ನೋಡಿದರೇ ಗೊತ್ತಾಗುತ್ತದೆ. ಯಾರೂ ಕೇಳಿಲ್ಲ, ಅದಕ್ಕೆ ಆಗಿಲ್ಲ.

ಪುಣೆ ತಮ್ಮ: ಅವಳು ಸಭೆಯಲ್ಲಿ ಮಾತಾಡುವುದಿಲ್ಲ ಅಕ್ಕಾ, ನಾಚಿಕೆ.

ದೊಡ್ಡವ್ವ (ಧ್ವನಿ ಸಂದೇಶ): ನಾನು ಜೊತೆಗೆ ಹೋಗುತ್ತೇನೆ. ಅವಳು ಮಾತಾಡದಿದ್ದರೆ ನಾನು ಕೇಳುತ್ತೇನೆ. ಬಾಗಿಲಲ್ಲೇ ನಿಲ್ಲಿ ಅಂದರೆ ಬಾಗಿಲಿನಿಂದಲೇ ಕೇಳುತ್ತೇನೆ.

ಸೇಡಂ ಕಾಕಾ: ಅತ್ತಿಗೆ ಹೋದರೆ ಕೆಲಸ ಆಗುತ್ತದೆ. ನನ್ನ ಒಂದು ಮಾತೂ ಸೇರಿಸಿ. ಟೀಚರ್ ಶುಕ್ರವಾರ ಸಂದೇಶ ಕಳಿಸುವ ಹೊತ್ತಿಗೆ ಮೊಟ್ಟೆ, ಹಾಲಿನ ಲೆಕ್ಕ ಬೇರೆಯವರು ನೋಡಿಕೊಳ್ಳಬೇಕು ಅಂತ ಹೆಡ್‌ಮಾಸ್ಟರಿಗೆ ಹೇಳಿ. ಅದಿಲ್ಲದಿದ್ದರೆ ಮೂರು ತಿಂಗಳಲ್ಲಿ ಈ ಸಂದೇಶ ನಿಂತುಹೋಗುತ್ತದೆ. ಬರೆದಿಟ್ಟುಕೊಳ್ಳಿ.

ಶಹಾಪುರ ಅಕ್ಕ: ಇದು ನೂರಕ್ಕೆ ನೂರು ಸರಿ ಕಾಕಾ.

ಪುಣೆ ತಮ್ಮ: ತತ್ಕಾಲ್ ನೋಡುತ್ತೇನೆ. ಸಿಗದಿದ್ದರೆ ಸೊಲ್ಲಾಪುರದವರೆಗೆ ಬಸ್ಸು, ಅಲ್ಲಿಂದ ಯಾವುದಾದರೂ ರೈಲು. ಅಕ್ಕಾ, ಆ ಮೂರು ಮಾತು ಧ್ವನಿಯಲ್ಲಿ ಹೇಳಿ ಕಳಿಸು. ರಾತ್ರಿ ಕರೆ ಮಾಡಿ ಅವಳಿಗೆ ಕೇಳಿಸುತ್ತೇನೆ.