ತಿಮಿಂಗಿಲ ಬೇಟೆಯ ಜಾಗ ಅಗೆದರೆ ಏನು ಸಿಗುತ್ತದೆ?

ಪ್ರಶ್ನೆ: ನಮಸ್ಕಾರ ಮೇಡಂ. ಹಳೇ ಕಾಲದ ತಿಮಿಂಗಿಲ ಬೇಟೆಯ ಜಾಗಗಳಲ್ಲೂ ಉತ್ಖನನ ನಡೆಯುತ್ತದಂತೆ. ಬೇಟೆ ಆಗಿದ್ದು ನೀರಲ್ಲಿ. ಎಣ್ಣೆ ಯಾರ ಮನೆಯ ದೀಪದಲ್ಲೋ ಉರಿದುಹೋಯಿತು. ಅಗೆದರೆ ಸಿಗುವುದಾದರೂ ಏನು?

ಉತ್ತರ: ಹೆಂಚು! ಕೆನಡಾದ ಲ್ಯಾಬ್ರಡಾರ್ ಕರಾವಳಿಯಲ್ಲಿ ರೆಡ್ ಬೇ ಅಂತ ಪುಟ್ಟ ಊರಿದೆ. ಅಲ್ಲಿನ ದಡದಲ್ಲಿ ಕೆಂಪು ಹೆಂಚಿನ ಚೂರುಗಳು ಬಿದ್ದಿದ್ದವು, ನಮ್ಮ ನಾಡಹೆಂಚಿನ ಹಾಗೆ ಬಾಗಿದವು. ಅವು ಆ ಊರಿನವಲ್ಲ. 16ನೇ ಶತಮಾನದಲ್ಲಿ ಸ್ಪೇನ್–ಫ್ರಾನ್ಸ್ ಗಡಿಯ ಬಾಸ್ಕ್ ನಾಡಿನವರು ಹಡಗಿನಲ್ಲಿ ತಂದವು. ತಿಮಿಂಗಿಲದ ಕೊಬ್ಬನ್ನು ದಡದಲ್ಲೇ ದೊಡ್ಡ ತಾಮ್ರದ ಹಂಡೆಗಳಲ್ಲಿ ಕಾಯಿಸಿ ಎಣ್ಣೆ ಇಳಿಸುತ್ತಿದ್ದರು. ಆ ಒಲೆಗಳಿಗೆ ಮಾಡು ಬೇಕಿತ್ತಲ್ವಾ, ಅದಕ್ಕೆ ಹೆಂಚು.

ಈ ಕಥೆ ಶುರುವಾಗಿದ್ದು ಮಾತ್ರ ಕಾಗದದಲ್ಲಿ. ಸೆಲ್ಮಾ ಬಾರ್ಕಮ್ ಎಂಬ ಇತಿಹಾಸಕಾರ್ತಿ ಸ್ಪೇನಿನ ದಾಖಲೆ ಕೋಣೆಗಳಲ್ಲಿ ವರ್ಷಗಟ್ಟಲೆ ಕೂತು ವಿಮೆ ಪತ್ರ, ಉಯಿಲು, ವ್ಯಾಜ್ಯದ ಕಾಗದ ಓದಿದರು. 1565ರಲ್ಲಿ ಸಾನ್ ಹುವಾನ್ ಎಂಬ ಹಡಗು ರೆಡ್ ಬೇಯಲ್ಲೇ ಮುಳುಗಿತೆಂಬ ಸುಳಿವು ಅವರಿಗೆ ಸಿಕ್ಕಿತು. 1977ರಲ್ಲಿ ಪುರಾತತ್ವಜ್ಞ ಜೇಮ್ಸ್ ಟಕ್ ಅಲ್ಲಿ ನೆಲ ಅಗೆಯಲು ತೊಡಗಿದರು. ಮರುವರ್ಷ ನೀರಿನಡಿಯ ಪುರಾತತ್ವಜ್ಞ ರಾಬರ್ಟ್ ಗ್ರೆನಿಯೆ ಅವರ ತಂಡಕ್ಕೆ ಮುಳುಗಿದ ಹಡಗೊಂದು ಸಿಕ್ಕಿತು. ಅದೇ ಸಾನ್ ಹುವಾನ್ ಎಂದು ಹೆಚ್ಚಿನವರು ಒಪ್ಪುತ್ತಾರೆ. ಅದರ ಅಡಿಯಲ್ಲಿ ಸುಮಾರು 8 ಮೀಟರ್ ಉದ್ದದ ಬೇಟೆ ದೋಣಿಯೂ ಇತ್ತು! ಅಂಥ ದೋಣಿಯಲ್ಲಿ ಹುಟ್ಟು ಹಾಕುತ್ತಾ ತಿಮಿಂಗಿಲದ ಹತ್ತಿರ ಹೋಗುತ್ತಿದ್ದರು ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪ್ರಶ್ನೆ: ಮೂಳೆ ನೋಡಿ ಯಾವ ತಿಮಿಂಗಿಲ ಅಂತ ಹೇಳಬಹುದಾ?

ಉತ್ತರ: ಬರೀ ಕಣ್ಣಲ್ಲಿ ನೋಡಿದರೆ ಮೋಸ ಹೋಗುತ್ತೇವೆ. ಬಾಸ್ಕರು ಬಿಟ್ಟುಹೋದ ಮೂಳೆಗಳಲ್ಲಿ ಅರ್ಧ ಬೋಹೆಡ್, ಅರ್ಧ ರೈಟ್ ಎಂಬ ಎರಡು ಜಾತಿಯ ತಿಮಿಂಗಿಲಗಳವು ಅಂತ ಮೊದಲು ಅಂದುಕೊಂಡಿದ್ದರು. ಆಮೇಲೆ ಡಿಎನ್ಎ ಪರೀಕ್ಷೆ ಮಾಡಿದರೆ ಹೆಚ್ಚುಕಡಿಮೆ ಎಲ್ಲವೂ ಬೋಹೆಡ್! ಅಮೆರಿಕದ ಬದಿಯ ಸಮುದ್ರದ ರೈಟ್ ತಿಮಿಂಗಿಲಗಳನ್ನು ಬಾಸ್ಕರೇ ಮುಗಿಸಿದರು ಎಂಬ ಮಾತು ಅಲ್ಲಿಗೆ ಸಡಿಲವಾಯಿತು. ಹಳೇ ಮೂಳೆಗಳನ್ನು ಸುಮ್ನೆ ಎಸೆಯಬಾರದು ಅಂತ ನಾನು ಹೇಳುವುದು ಇದಕ್ಕೇ.

ಪ್ರಶ್ನೆ: ಕೆಲಸಕ್ಕೆ ಬಂದ ಜನರ ಗುರುತು ಏನಾದರೂ ಉಳಿದಿದೆಯಾ?

ಉತ್ತರ: ಎದುರಿನ ಸ್ಯಾಡಲ್ ದ್ವೀಪದಲ್ಲಿ ಅವರ ಸ್ಮಶಾನವಿದೆ. 60ಕ್ಕೂ ಹೆಚ್ಚು ಗುಂಡಿ, ಸುಮಾರು 140 ಜನ. ಅಂದರೆ ಎಷ್ಟೋ ಗುಂಡಿಗಳಲ್ಲಿ ಒಬ್ಬರಿಗಿಂತ ಜಾಸ್ತಿ ಮಂದಿಯನ್ನು ಒಟ್ಟಿಗೆ ಹೂತಿದ್ದಾರೆ. ಹೆಚ್ಚಿನವರು ದುಡಿಯುವ ವಯಸ್ಸಿನ ಗಂಡಸರು. 1577ರಲ್ಲಿ ಇದೇ ಬಂದರಿನಲ್ಲಿ ಸಾವಿನ ಹಾಸಿಗೆಯಲ್ಲಿದ್ದ ಒಬ್ಬ ನಾವಿಕ ಉಯಿಲು ಬರೆಸಿದ್ದ. ಆ ಉಯಿಲು ಊರು ತಲುಪಿ, ಸೆಲ್ಮಾ ಅವರ ಕೈಗೂ ಸಿಕ್ಕಿತು.