ಕೆಲಸ ಹೋಯ್ತು, ಈಗ ಕಾಮಿಕ್ಸ್ ಬರೀಬೇಕು ಅನ್ನಿಸ್ತೈತೆ, ಅನುಭವ ಇದ್ದೋರು ಹೇಳ್ರಿ

ಮಂಡಕ್ಕಿ ಹುಡುಗ, ದಾವಣಗೆರೆ:

ಎಲ್ರಿಗೂ ನಮಸ್ಕಾರ. ನಂಗೆ 33 ವರ್ಷ. ಡಿಪ್ಲೊಮಾ ಮುಗಿಸಿ ಬೆಂಗ್ಳೂರಲ್ಲಿ 6 ವರ್ಷ ದುಡಿದೆ, ಕೋವಿಡ್ ಟೈಮಲ್ಲಿ ತೆಗೆದಾಕಿದ್ರು, ಆಮೇಲೆ ಸೇರಿದ ಕಂಪನಿ ಒಂದೂವರೆ ವರ್ಷಕ್ಕೆ ಬಾಗ್ಲು ಹಾಕ್ತು, ಮಧ್ಯ ಸರ್ಕಾರಿ ಪರೀಕ್ಷೆ ಎರಡು ಸಲ ಬರೆದು ಒಂದ್ಸಲ 4 ಮಾರ್ಕ್ಸಲ್ಲಿ ತಪ್ತು. ಈಗ ಊರಿಗೆ ಬಂದು ಅಪ್ಪನ ಮಂಡಕ್ಕಿ ಭಟ್ಟೀಲಿ ಲೆಕ್ಕ ಬರೀತಾ ಇದೀನಿ. ಸಣ್ಣವನಿದ್ದಾಗಿಂದ ನೋಟ್‌ಬುಕ್ಕಿನ ಹಿಂದಿನ ಹಾಳೇಲಿ ಕಾಮಿಕ್ಸ್ ಬರೆಯೋ ಹುಚ್ಚು. ಮದಕರಿ ನಾಯಕ, ಓಬವ್ವ, ಹೈದರಾಲಿ ಎಲ್ಲಾ ಇರೋ 200 ಪುಟದ್ದೊಂದು ಪುಸ್ತಕ ತಲೇಲೈತೆ. 11 ಪುಟ ಆಗೈತೆ, ಎಂಟು ತಿಂಗ್ಳಿಂದ ಆ 11ರಲ್ಲೇ ನಿಂತೈತೆ. ಮನೇಲಿ "ಮೂವತ್ಮೂರಾದ್ರೂ ಗೊಂಬೆ ಬರ್ಕೊಂಡು ಕುಂತಾನೆ" ಅಂತಾರೆ, ಅವ್ರದೂ ತಪ್ಪಲ್ಲ ಬಿಡಿ. ಕೇಳೋದು ಎರಡೇ: ಇದನ್ನ ಹಿಡ್ಕೊಂಡು ಮುಂದಕ್ಕೆ ಹೋಗ್ಬಹುದಾ, ಡ್ರಾಯಿಂಗ್ ಟ್ಯಾಬ್ಲೆಟ್ಟಿಗೆ 40 ಸಾವಿರ ಸಾಲ ಮಾಡ್ಲಾ. ಕೆಲಸ ಕಳ್ಕೊಂಡು ಇಂಥದ್ದಕ್ಕೆ ಕೈ ಹಾಕಿದೋರು ಯಾರಾದ್ರೂ ಇದ್ರೆ ನಿಮ್ಗೇನಾಯ್ತು ಹೇಳ್ರಿ.

ದುರ್ಗದ ಬಂಡೆ, ಚಿತ್ರದುರ್ಗ:

ತಮ್ಮಾ, ಸಾಲ ಮಾಡ್ಬೇಡ. ಅದೊಂದು ಮೊದ್ಲೇ ಹೇಳ್ಬಿಡ್ತೀನಿ, ಉಳಿದಿದ್ದು ನಿಧಾನಕ್ಕೆ ಓದ್ಕೋ.

ನಾನು 9 ವರ್ಷ ಮೆಡಿಕಲ್ ರೆಪ್ ಇದ್ದೋನು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ ಎಲ್ಲಾ ಬೈಕಲ್ಲೇ. ಮೂರು ತಿಂಗ್ಳು ಟಾರ್ಗೆಟ್ ಮುಟ್ಲಿಲ್ಲ ಅಂತ ರಾಜೀನಾಮೆ ಬರೆಸ್ಕೊಂಡ್ರು, ಬಂದ ಪಿಎಫ್ ದುಡ್ಡು ಹಾಕಿ ಗೆಳೆಯನ ಜೊತೆ ಮೊಬೈಲ್ ಅಂಗಡಿ ಇಟ್ಟೆ, ಅದು 14 ತಿಂಗ್ಳಿಗೆ ಮುಳುಗ್ತು, ಗೆಳೆಯನೂ ಹೋದ. ಆಮೇಲೆ ಬೆಳಿಗ್ಗೆ ಮನೇಲಿ ಇರೋಕಾಗ್ದೆ ಡ್ಯೂಟಿಗೆ ಹೋಗೋರ ತರ ಬ್ಯಾಗ್ ಹಾಕ್ಕೊಂಡು ಚಂದ್ರವಳ್ಳಿ ಕಡೆ ಹೋಗಿ ಕೂತಿದ್ದು ಬರ್ತಿದ್ದೆ, ಹೆಂಡ್ತಿಗೆ ಗೊತ್ತಿತ್ತು, ಕೇಳ್ತಿರ್ಲಿಲ್ಲ. ಆ ಬ್ಯಾಗಲ್ಲಿ ಕಂಪನಿಯೋರು ಡಾಕ್ಟ್ರಿಗೆ ಹಂಚೋಕೆ ಕೊಟ್ಟಿದ್ದ ಬರೆಯೋ ಪ್ಯಾಡ್ ಮಿಕ್ಕಿದ್ವು, ಅದ್ರಲ್ಲೇ ಶುರು ಮಾಡಿದ್ದು.

ನಾನೂ ನಿನ್ನಂಗೇ ಮಹಾಭಾರತದ ಸೈಜಿನ ಕಥೇನೇ ಹಿಡಿದೋನು. ಲೆಕ್ಕ ಹಾಕು ಈಗ: ಪೆನ್ಸಿಲ್, ಇಂಕ್, ಅಕ್ಷರ ಎಲ್ಲಾ ಸೇರಿ ನಂಗೆ ಒಂದು ಪುಟಕ್ಕೆ 10 ಗಂಟೆ ಬೇಕು. 200 ಪುಟಕ್ಕೆ 2000 ಗಂಟೆ. ಭಟ್ಟಿ ಕೆಲಸ ಮುಗಿಸಿ ದಿನಾ 2 ಗಂಟೆ ಕೂತ್ರೂ 1000 ದಿನ, ಅಂದ್ರೆ ಮದ್ವೆ ಮುಂಜಿ ಜ್ವರ ನೆಂಟ್ರು ಏನೂ ಇಲ್ದೆ ಎರಡೂಮುಕ್ಕಾಲು ವರ್ಷ. ಹೈದರಾಲಿಗೇ ದುರ್ಗ ಒಂದೇ ಏಟಿಗೆ ಸಿಗ್ಲಿಲ್ಲ ಕಣಪ್ಪ, ಮತ್ತೆ ಮತ್ತೆ ಬಂದು ಕೊನೆಗೆ 1779ರಲ್ಲಿ ತಗೊಂಡಿದ್ದು, ಅವನ ಹತ್ರ ಸೈನ್ಯ ಬೇರೆ ಇತ್ತು.

ನಂದು 23ನೇ ಪುಟಕ್ಕೆ ನಿಂತೋಯ್ತು. ಆ ಬೇಜಾರಲ್ಲಿ ಒಂದಿನ ಸುಮ್ನೆ 4 ಪುಟ ಬರೆದೆ: ಏಪ್ರಿಲ್ ಬಿಸಿಲಲ್ಲಿ ಟೈ ಕಟ್ಕೊಂಡ ರೆಪ್ ಒಬ್ಬ ಡಾಕ್ಟ್ರ ಬಾಗ್ಲಲ್ಲಿ ನಿಂತವ್ನೆ, ಪೇಷಂಟ್‌ಗಳು ಒಬ್ಬೊಬ್ರೇ ಒಳಗೋಗಿ ಬರ್ತಾರೆ, ಇವ್ನು ನಿಂತೂ ನಿಂತೂ ಕೊನೆಗೆ ತಾನೇ ಚೀಟಿ ಮಾಡಿಸಿ ಪೇಷಂಟ್ ಆಗಿ ಒಳಗೋಗ್ತಾನೆ. ಅಷ್ಟೇ ಕಥೆ. ಹಳೇ ರೆಪ್‌ಗಳ ವಾಟ್ಸಾಪ್ ಗ್ರೂಪಿಗೆ ಹಾಕಿದೆ, ರಾತ್ರಿಯೊಳಗೆ ಬೇರೆ ಜಿಲ್ಲೆಯಿಂದ ಸುತ್ತಿ ನಂಗೇ ವಾಪಸ್ ಬಂತು, ಮೂಲೇಲಿದ್ದ ನನ್ನ ಹೆಸ್ರು ಕತ್ತರಿಸಿ. ಸಿಟ್ಟೂ ಬಂತು, ಖುಷೀನೂ ಆಯ್ತು. ಅವತ್ತಿಂದ ಹೆಸ್ರನ್ನ ಮೂಲೇಲಿ ಹಾಕಲ್ಲ, ಚಿತ್ರದೊಳಗಿನ ಗೋಡೆ ಮೇಲೋ ಬಸ್ಸಿನ ಬೋರ್ಡಲ್ಲೋ ಸೇರಿಸ್ಬಿಡ್ತೀನಿ, ಕತ್ತರಿಸಿದ್ರೆ ಚಿತ್ರಾನೂ ಹೋಗ್ಬೇಕು.

ನನ್ನ ಮಾತೇನಂದ್ರೆ ಆ 200 ಪುಟ ಎತ್ತಿಡು, ಅದ್ರೊಳಗಿಂದ ಓಬವ್ವನ ಕಥೆ ಒಂದನ್ನ ಕಿತ್ಕೋ, 8 ಪುಟ. ಯುದ್ಧ ಬಿಟ್ಟು ನೋಡು ಅದ್ರಲ್ಲೇನೈತೆ ಅಂತ. ಕಾವಲುಗಾರ ಗಂಡ ಊಟಕ್ಕೆ ಕೂತವ್ನೆ, ಇವ್ಳು ನೀರಿಗೆ ಅಂತ ತಣ್ಣೀರು ದೋಣಿ ಹತ್ರ ಹೋಗ್ತಾಳೆ, ಕಿಂಡೀಲಿ ಸದ್ದು ಕೇಳ್ತೈತೆ. ಊಟ, ಕೊಡ, ಒನಕೆ, ಎಲ್ಲಾ ಮನೆ ಸಾಮಾನೇ. ಮೇಲಿನ ಸಾಲಲ್ಲಿ ಅವ್ನು ಮುದ್ದೆ ಮುರೀತಿರ್ಲಿ, ಕೆಳಗಿನ ಸಾಲಲ್ಲಿ ಕಿಂಡಿಯಿಂದ ಒಂದೊಂದೇ ತಲೆ ಬರ್ತಿರ್ಲಿ. ಸಿನಿಮಾದಲ್ಲಾದ್ರೆ ಇದಾದ್ಮೇಲೆ ಅದು ತೋರಿಸ್ಬೇಕು, ಕಾಮಿಕ್ಸಲ್ಲಿ ಪುಟ ತಿರುವಿದ ಕೂಡ್ಲೇ ಎರಡೂ ಒಟ್ಟಿಗೇ ಕಣ್ಣಿಗೆ ಬೀಳ್ತಾವೆ. ನಮ್ಮ ಹತ್ರ ಇರೋ ತಾಕತ್ತೇ ಅದು. ಇನ್ನೊಂದು, ಕಿಂಡಿ ಅಳತೇನ ಸಿನಿಮಾ ನೆನಪಲ್ಲಿ ಬರೀಬೇಡ, ಬಸ್ ಹತ್ತಿ ಬಾ, ಮೈ ಬಗ್ಗಿಸಿ ನುಸುಳಿ ನೋಡು, ಆಮೇಲೆ ಬರಿ.

ದುಡ್ಡಿನ ವಿಷ್ಯ ಸುಳ್ಳು ಹೇಳಲ್ಲ. ಕಾಮಿಕ್ಸಿಂದ ಮೊದಲನೇ ವರ್ಷ ಬಂದಿದ್ದು ಸೊನ್ನೆ. ಚಿತ್ರ ಬರೀತಾನೆ ಅಂತ ಊರಲ್ಲಿ ಗೊತ್ತಾದ್ಮೇಲೆ ಮದ್ವೆ ಕಾರ್ಡಿಗೆ ಗಂಡು ಹೆಣ್ಣಿನ ಕಾರ್ಟೂನು, ಬೀಜದ ಅಂಗಡಿ ಕ್ಯಾಲೆಂಡರು, ಹನಿ ನೀರಾವರಿ ಪೈಪ್ ಕಟ್ಕೊಂಡ್ರೆ ಏನ್ಮಾಡ್ಬೇಕು ಅಂತ ರೈತರಿಗೊಂದು ಹಾಳೆ, ಇಂಥವು ಬಂದ್ವು. ಈಗ್ಲೂ ಮಧ್ಯಾಹ್ನದ ತನಕ ಔಷಧಿ ಹೋಲ್‌ಸೇಲ್ ಅಂಗಡೀಲಿ ಬಿಲ್ಲಿಂಗ್ ನೋಡ್ತೀನಿ. ಆ ಸಂಬಳ ಇರೋದಕ್ಕೇ ಸಾಯಂಕಾಲ ಕೈ ನಡುಗ್ದೆ ಗೆರೆ ಎಳಿತೀನಿ. ಭಟ್ಟಿ ಬಿಡ್ಬೇಡ.

ಬಣ್ಣದ ಡಬ್ಬಿ, ದಾವಣಗೆರೆ:

ದುರ್ಗದ ಅಣ್ಣ ಹೇಳಿದ್ದು ಮುಕ್ಕಾಲು ಪಾಲು ಒಪ್ತೀನಿ, ಆದ್ರೆ ಚಿತ್ರ ಬರ್ತಿದ್ರೆ ಬೇರೆ ಕೆಲಸ ಸಿಗ್ತಾವೆ ಅನ್ನೋದ್ರಲ್ಲಿ ಒಂದು ಗುಂಡಿ ಐತೆ, ನಾನು ಅದ್ರಲ್ಲಿ ಬಿದ್ದೋಳು. ಡ್ರಾಯಿಂಗ್ ಟೀಚರ್ ಇದ್ದೆ, ಸ್ಕೂಲ್‌ನೋರು ಆ ಪೋಸ್ಟೇ ಬೇಡ ಅಂದ್ರು. ಮಕ್ಕಳ ಕಲಿಕೆ ಆ್ಯಪ್ ಒಂದಕ್ಕೆ ಮನೆಯಿಂದ ಚಿತ್ರ ಬರೆಯೋಕೆ ಒಪ್ಕೊಂಡೆ, ಒಂದಕ್ಕೆ 60 ರೂಪಾಯಿ. ಸೇಬು, ಲಾರಿ, ಆನೆ, ಮತ್ತೆ ಸೇಬು ಯಾಕಂದ್ರೆ ಮೊದಲನೇ ಸೇಬು ಜಾಸ್ತಿ ಕೆಂಪಾಯ್ತಂತೆ. 5 ತಿಂಗ್ಳಲ್ಲಿ 700 ಬರೆದೆ. ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೂ ನೋವು, ರೊಟ್ಟಿ ತಟ್ಟೋಕಾಗ್ತಿರ್ಲಿಲ್ಲ, ಡಾಕ್ಟ್ರು ಆರು ವಾರ ಪೆನ್ಸಿಲ್ ಮುಟ್ಬೇಡಮ್ಮ ಅಂದ್ರು. ಕೈ ವಾಸಿಯಾದ್ಮೇಲೂ ಒಂದು ವರ್ಷ ಏನೂ ಬರೆಯೋಕೆ ಮನಸ್ಸೇ ಬರ್ಲಿಲ್ಲ. ಎಲ್ಲಾ ಸೇರಿ ದುಡಿದಿದ್ದು 42 ಸಾವಿರ, ನಿಮ್ಮ ಟ್ಯಾಬ್ಲೆಟ್ ರೇಟು ನೋಡಿದ ಕೂಡ್ಲೇ ಅದೇ ನೆನಪಾಯ್ತು. ಈಗ ಶನಿವಾರ ಭಾನುವಾರ ಮನೇಲೇ 12 ಮಕ್ಕಳಿಗೆ ಹೇಳ್ಕೊಡ್ತೀನಿ, ಕಾಮಿಕ್ಸು ವಾರಕ್ಕೊಂದು ಸ್ಟ್ರಿಪ್, ಅದನ್ನ ಮಾರಲ್ಲ. ಮಾರಿದ್ರೆ ಮತ್ತೆ ಸೇಬಾಗ್ಬಿಡ್ತೈತೆ ಅನ್ನೋ ಭಯ ನಂಗೆ.

ಸಾಮಾನು ಅಂದ್ರೆ ಇಷ್ಟೇ: 2ಬಿ ಪೆನ್ಸಿಲ್, 0.3 ಮತ್ತೆ 0.8 ಪೆನ್ನು, ಒಂದು ಬ್ರಷ್ ಪೆನ್ನು, ಕಾರ್ಟ್ರಿಡ್ಜ್ ಹಾಳೆ ಅಂದ್ರೆ ಚಿತ್ರ ಬರೆಯೋ ದಪ್ಪ ಹಾಳೆ. ಪ್ರಿಂಟ್ ಆಗೋ ಸೈಜಿಗಿಂತ ದೊಡ್ಡದಾಗಿ ಬರೀರಿ, ಎ3ಯಲ್ಲಿ ಬರೆದು ಎ4ಗೆ ಇಳಿಸಿದ್ರೆ ಅಂಕುಡೊಂಕು ಗೆರೆ ಅರ್ಧ ಮುಚ್ಚಿ ಹೋಗ್ತಾವೆ. ಕಪ್ಪು ಗೆರೆ ಚಿತ್ರ ಸ್ಕ್ಯಾನ್ ಮಾಡ್ಸೋವಾಗ 600 ಡಿಪಿಐ (ಇಂಚಿಗೆ 600 ಚುಕ್ಕಿ) ಕೇಳಿ. ಬಣ್ಣಕ್ಕೆ ಕಂಪ್ಯೂಟರಲ್ಲಿ ಕ್ರಿಟಾ ಪುಕ್ಕಟೆ, ಫೋನಲ್ಲಾದ್ರೆ ಐಬಿಸ್‌ಪೇಂಟ್.

ಆರ್.ಕೆ. ಲಕ್ಷ್ಮಣ್‌ಗೆ ಬಾಂಬೆಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನೋರು ಸೀಟ್ ಕೊಡ್ಲಿಲ್ಲ ಅನ್ನೋದನ್ನ ಈಗ ಯಾರಾದ್ರೂ ಬಂದು ಹೇಳೇ ಹೇಳ್ತಾರೆ. ನಿಜಾನೇ. ಆದ್ರೆ ಮೈಸೂರಲ್ಲಿ ಓದೋವಾಗ್ಲೇ ಅವ್ರ ಚಿತ್ರ ಹಾಕ್ಕೊಳ್ಳೋಕೆ ಕೊರವಂಜಿ ಅಂತ ಒಂದು ಕನ್ನಡ ನಗೆ ಪತ್ರಿಕೆ ಇತ್ತು, ರಾ.ಶಿ. ಅಂದ್ರೆ ಡಾ. ಎಂ. ಶಿವರಾಂ ಅವ್ರು 1942ರಲ್ಲಿ ಶುರು ಮಾಡಿದ್ದು, ಅದನ್ನ ಯಾರೂ ಹೇಳಲ್ಲ. ಬರೆದಿದ್ದು ನಾಲ್ಕು ಜನದ ಕೈಗೆ ಹೋಗೋ ಜಾಗ ಬೇಕ್ರೀ. ನಮ್ಮೂರಲ್ಲೇ ದೃಶ್ಯಕಲಾ ಮಹಾವಿದ್ಯಾಲಯ ಐತಲ್ಲ, ಅಲ್ಲಿ ಹುಡುಗ್ರು ಹುಡುಗೀರ ಪರಿಚಯ ಮಾಡ್ಕೊಳ್ಳಿ, ವಯಸ್ಸಾಯ್ತು ಅಂತ ನಾಚ್ಕೋಬೇಡಿ. ಬೆಂಗ್ಳೂರಿಗೆ ಹೋದ್ರೆ ಎಂ.ಜಿ. ರೋಡ್ ಹತ್ರ ಕಾರ್ಟೂನ್ ಗ್ಯಾಲರಿ ಐತೆ, ಇಂಕ್ ಒಣಗಿದ ಒರಿಜಿನಲ್ ಗೆರೆ ಕಣ್ಣಾರೆ ನೋಡೋದೇ ಒಂದು ಪಾಠ. ಆಮೇಲೆ ಒಂದು ಮಾತು, ಕೋಟೆ ಎಲ್ರೂ ಬರೀತಾರೆ. ಕಾದ ಮರಳಿಗೆ ಅಕ್ಕಿ ಬಿದ್ದ ತಕ್ಷಣ ಅರಳೋದು, ಆ ಹೊಗೆ, ಬೆವರು, ಬೆಳಗಿನ ಜಾವದ ಲೋಡು, ಅದನ್ನ ಬರೆದೋರನ್ನ ನಾನಂತೂ ನೋಡಿಲ್ಲ.

ಡಿಟಿಪಿ ಮಾಮ, ದಾವಣಗೆರೆ:

ನಾನು ಮೊದ್ಲು ಬೋರ್ಡ್ ಬರೀತಿದ್ದೋನು, ಅಂಗಡಿ ಬೋರ್ಡು, ಗೋಡೆ, ಲಾರಿ ಹಿಂದೆ. ಫ್ಲೆಕ್ಸ್ ಬಂತು, ಬ್ರಷ್ ಒಣಗ್ತು, ಒಂದು ವರ್ಷ ಪಾತ್ರೆ ಅಂಗಡೀಲಿ ಕೂತು ಮದ್ವೆ ಪಾತ್ರೆ ಮೇಲೆ ಹೆಸ್ರು ಕೊರೆದೆ, ಆಮೇಲೆ ಡಿಟಿಪಿ ಕಲ್ತೆ. ಚಿತ್ರ ನಂಗೊತ್ತಿಲ್ಲ, ಅಕ್ಷರ ಹೇಳ್ತೀನಿ, ಕನ್ನಡ ಕಾಮಿಕ್ಸ್ ಕೆಡೋದೇ ಅಲ್ಲಿ.

ಬಲೂನ್ ಬರೆದು ಆಮೇಲೆ ಮಾತು ತುರುಕ್ತಾರೆ. ತಪ್ಪು. ಮೊದ್ಲು ಮಾತು ಬರಿ, ಸುತ್ತ ಬಲೂನ್ ಎಳಿ. ಇಂಗ್ಲಿಷ್ ದೊಡ್ಡಕ್ಷರ ಎಲ್ಲಾ ಒಂದೇ ಎತ್ತರ, ನಮ್ದು ಹಂಗಲ್ಲ, ಮೇಲೆ ಗುಡಿಸು, ಕೆಳಗೆ ಒತ್ತು, "ರಾಷ್ಟ್ರ" ಅಂತ ಬರೆದ್ರೆ ಕೆಳಗಿನ ಸಾಲಿನ ತಲೆಗೆ ಡಿಕ್ಕಿ. ಸಾಲಿನ ಮಧ್ಯ ಧಾರಾಳವಾಗಿ ಜಾಗ ಬಿಡು. ನಮ್ಮ ಪದಗಳೂ ಉದ್ದ, "ಹೋಗಬೇಕಾಗಿತ್ತಲ್ಲವೇ" ಒಂದೇ ಪದ ಬಲೂನ್ ತುಂಬ್ತೈತೆ, "ಹೋಗ್ಬೇಕಿತ್ತು. ಅಲ್ವಾ?" ಅಂತ ಒಡಿ, ಓದೋಕೂ ಚೆಂದ. ಮೊದ್ಲು ಮಾತಾಡೋನ ಬಲೂನ್ ಎಡಕ್ಕೆ, ಮೇಲಕ್ಕೆ. ಬೂಮ್, ಬ್ಯಾಂಗ್ ಹಾಕ್ಬೇಡಪ್ಪಾ ದಯವಿಟ್ಟು, ದಬಕ್, ಧಡಾರ್, ಸರಕ್, ಲಟಕ್ ಅಂತ ಎಷ್ಟು ಬೇಕಷ್ಟು ಐತೆ ನಮ್ಮಲ್ಲಿ.

ಫೋಟೋಶಾಪಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬಂದ್ರೆ ಪ್ಯಾರಾಗ್ರಾಫ್ ಮೆನೂಲಿ ವರ್ಲ್ಡ್ ರೆಡಿ ಲೇಔಟ್ ಅಂತಿರ್ತೈತೆ, ಅದನ್ನ ಆನ್ ಮಾಡು. ಇಂಕ್‌ಸ್ಕೇಪ್ ಪುಕ್ಕಟೆ, ಅದ್ರಲ್ಲಿ ಈ ಗೋಳಿಲ್ಲ. ಫಾಂಟ್ ಬೇಕಂದ್ರೆ ಬಾಲೂ ತಮ್ಮ ದಪ್ಪಗೆ ದುಂಡಗೈತೆ, ಕಾಮಿಕ್ಸಿಗೆ ಹೊಂದ್ತೈತೆ, ಬೆನ್ನೆ ಅಂತಾನೂ ಒಂದೈತೆ, ದೋಸೆ ಊರೋನು ಹೆಸ್ರಿಗಾದ್ರೂ ಇಟ್ಕೋ. ಆದ್ರೆ ನನ್ನ ಕೇಳಿದ್ರೆ ಕೈಯಲ್ಲೇ ಬರಿ. ಪುಸ್ತಕದ ಪುಟ ಯಾವಾಗ್ಲೂ 4ರ ಲೆಕ್ಕದಲ್ಲಿರ್ಬೇಕು. 8 ಪುಟ ಎ5 ಅಂದ್ರೆ ಎರಡೇ ಎ4 ಹಾಳೆ, ಎರಡೂ ಕಡೆ ಜೆರಾಕ್ಸ್, ಮಡಚಿ ಬೆನ್ನಿಗೆ ಎರಡು ಪಿನ್ನು. ಅಂಚಿಂದ ಒಂದು ಸೆಂಟಿಮೀಟರ್ ಒಳಗೆ ಅಕ್ಷರ ಇರ್ಲಿ, ಕಟಿಂಗಲ್ಲಿ ಹೋಗ್ತೈತೆ. 50 ಕಾಪಿ ಹಾಕ್ಸು, ಬಾ ನಮ್ಮಂಗಡಿಗೆ, ಪಿನ್ನು ನಂದು.

ಮಂಡಕ್ಕಿ ಹುಡುಗ:

ಎಲ್ರಿಗೂ ಥ್ಯಾಂಕ್ಸ್, ಸಾಲದ ಯೋಚ್ನೆ ಬಿಟ್ಟೆ. ಎರಡು ಡೌಟು. ದುರ್ಗದ ಮೇಲೆ ತ.ರಾ.ಸು. ಬರೆದ ಕಾದಂಬರಿಗಳ ಸಂಭಾಷಣೆ ತಗೋಬಹುದಾ? ಮತ್ತೆ ಒಬ್ರು "ಎಲ್ಲಾ ಪುಟ ಕೊಟ್ಬಿಡು, ನಾವು ಹಾಕ್ತೀವಿ, ನಿಂಗೆ ಹೆಸ್ರು ಬರ್ತೈತೆ" ಅಂತಿದಾರೆ.

ಕಪ್ಪು ಕೋಟು, ಚಿತ್ರದುರ್ಗ:

ತಗೋಬೇಡಿ. ನಮ್ಮಲ್ಲಿ ಕಾಪಿರೈಟ್ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತೆ. ತ.ರಾ.ಸು. ಹೋಗಿದ್ದು 1984ರಲ್ಲಿ, ಅಂದ್ರೆ 2044ರ ಕೊನೆವರೆಗೂ ಆ ಬರಹ ಮನೆಯವರ ಹಕ್ಕು, ಕಾಮಿಕ್ಸ್ ಮಾಡೋದಕ್ಕೂ ಅನುಮತಿ ಬೇಕು. ಇತಿಹಾಸ, ಕೋಟೆ, ಜನ ಹೇಳೋ ಓಬವ್ವನ ಕಥೆ ಯಾರದ್ದೂ ಅಲ್ಲ, ಮಾತು ಮಾತ್ರ ನಿಮ್ದೇ ಇರ್ಲಿ. ಎರಡನೇದು, 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ವರ್ಗಾವಣೆ ಬರವಣಿಗೇಲಿ, ಸಹಿ ಹಾಕಿ ಆಗ್ಬೇಕು, ಬಾಯಿಮಾತು ನಡೆಯಲ್ಲ. ಕಾಗದದಲ್ಲಿ ಎಷ್ಟು ವರ್ಷ ಅಂತ ಬರೀದಿದ್ರೆ 5 ವರ್ಷ ಅಂತ ಲೆಕ್ಕ, ಎಲ್ಲಿಗೆ ಅಂತ ಬರೀದಿದ್ರೆ ಭಾರತಕ್ಕೆ ಮಾತ್ರ. ಹಂಗಾಗಿ "ಎಲ್ಲಾ ಹಕ್ಕು, ಎಂದೆಂದಿಗೂ" ಅನ್ನೋ ಸಾಲು ಕಂಡ್ರೆ ಪೆನ್ನಿನ ಕ್ಯಾಪ್ ಹಾಕಿ ಎದ್ದು ಬನ್ನಿ. ಮೂಲ ಹಾಳೆಗಳನ್ನ ಯಾರಿಗೂ ಕೊಡ್ಬೇಡಿ, ಸ್ಕ್ಯಾನ್ ಕೊಡಿ.

ಮಂಡಕ್ಕಿ ಹುಡುಗ, ಮೂರು ವಾರ ಆದ್ಮೇಲೆ:

ಭಾನುವಾರ ದುರ್ಗಕ್ಕೆ ಹೋಗಿದ್ದೆ, ಬಂಡೆ ಅಣ್ಣನೂ ಸಿಕ್ಕಿದ್ರು. ಕಿಂಡೀಲಿ ನುಸುಳಿದೆ, ಅಂಗಿ ಹೆಗಲ ಹತ್ರ ಹರೀತು, ನಾನು ಬರೆದಿದ್ದ 11 ಪುಟದಲ್ಲಿ ಅದೇ ಕಿಂಡೀಲಿ ಸೈನಿಕರು ಕತ್ತಿ ಎತ್ಕೊಂಡು ಓಡಿ ಬರ್ತಿದ್ರು. ಅಲ್ಲೇ ಕೂತು ಸಣ್ಣದಾಗಿ 8 ಪುಟದ್ದೂ ಕಚ್ಚಾ ಹಾಕ್ಕೊಂಡೆ. ಈಗ 3 ಪುಟ ಇಂಕ್ ಆಗೈತೆ. ನಾಲ್ಕನೇದು ಪೆನ್ಸಿಲಲ್ಲಿತ್ತು, ನಿನ್ನೆ ರಾತ್ರಿ ಅಮ್ಮ ನೀರು ಕೊಡೋಕೆ ಬಂದೋಳು ನೋಡಿ "ಒನಕೆ ಹಿಂಗ್ಯಾರೋ ಹಿಡೀತಾರೆ, ಅದೇನು ಕ್ರಿಕೆಟ್ ಬ್ಯಾಟಾ" ಅಂದ್ಲು. ಅಟ್ಟದ ಮೇಲಿದ್ದ ಅಜ್ಜಿ ಕಾಲದ ಒನಕೆ ಅಪ್ಪನ ಕೈಲಿ ಇಳಿಸಿ, ಸೆರಗು ಸಿಕ್ಕಿಸಿ, ನಡುಮನೇಲಿ ಕಾಲು ಗಂಟೆ ನಿಂತು ತೋರಿಸಿದ್ಲು, ಎರಡು ಕೈ ಎಲ್ಲಿರ್ಬೇಕು, ಎತ್ತೋವಾಗ ಯಾವುದು ಜಾರ್ಬೇಕು ಅಂತ. ನಾಲ್ಕನೇ ಪುಟ ಪೂರ್ತಿ ಅಳಿಸಿದೀನಿ. ಫೋಟೋ ಕೇಳ್ಬೇಡ್ರಿ, ಹಾಕಿದ್ರೆ ಅದೇ ಒನಕೇಲಿ ನಂಗೆ ಬೀಳ್ತಾವೆ.